ನಾಗವಲ್ಲಿಯ ದನಿ ಯಾರದು?

ಪ್ರಾಂಶುಪಾಲರೇ, ಸಂಕಿರಣದ ಸಂಚಾಲಕರೇ, ಧಾರವಾಡದಿಂದ, ಹಂಪಿಯಿಂದ, ಕುಪ್ಪಂನಿಂದ ರಾತ್ರಿ ಬಸ್ಸು ಹಿಡಿದು ಬಂದಿರುವ ವಿದ್ವಾಂಸ ಮಿತ್ರರೇ, ಮತ್ತು ಹಾಜರಾತಿಗೆ ಹೆದರಿಯೋ ಊಟದ ಆಸೆಗೋ ಬಂದು ಹಿಂದಿನ ಸಾಲುಗಳನ್ನು ತುಂಬಿರುವ ವಿದ್ಯಾರ್ಥಿಗಳೇ, ನಿಮಗೆಲ್ಲ ನಮಸ್ಕಾರ. ಪರಿಚಯ ಮಾಡಿಕೊಟ್ಟ ಮೇಡಂ ನನ್ನ ಬಗ್ಗೆ ಹೇಳಿದ್ದರಲ್ಲಿ ಅರ್ಧ ನಿಜ, ಉಳಿದರ್ಧ ಪ್ರೀತಿ. ಎರಡಕ್ಕೂ ಋಣಿ.

ಚಿತ್ರನಟರ ಜೀವನ ಕಥನ ಕುರಿತ ಸಂಕಿರಣ ವೇಮಗಲ್‌ನಲ್ಲೇಕೆ ಎಂದು ಬೆಂಗಳೂರಿನ ಗೆಳೆಯರೊಬ್ಬರು ಫೋನಿನಲ್ಲಿ ಕೇಳಿದರು. ಅವರಿಗೆ ವೇಮಗಲ್ ಎಂದರೆ ಕೈಗಾರಿಕಾ ಪ್ರದೇಶ, ಫ್ಯಾಕ್ಟರಿ ಬಸ್ಸು. ಸೀತಿ ಬೆಟ್ಟದ ಭೈರವನೂ ಅವರಿಗೆ ಗೊತ್ತಿಲ್ಲ. ಇಲ್ಲಿ ಮಾಡದೆ ಇನ್ನೆಲ್ಲಿ ಮಾಡಬೇಕು ಸ್ವಾಮಿ ಎಂದೆ. ಕೋಲಾರ ದಾಟಿ ಮುಳಬಾಗಿಲಿಗೆ ಹೋದರೆ ಆ ತಾಲ್ಲೂಕಿನ ಗಂಗಿಗುಂಟೆ ಸಿಗುತ್ತದೆ. ಕೆ.ಎಸ್. ಸತ್ಯನಾರಾಯಣ ಅವರ ಮಗಳು ಸೌಮ್ಯ ಆ ಊರಿನವಳು. ದಕ್ಷಿಣ ಭಾರತ ಆಕೆಯನ್ನು ಸೌಂದರ್ಯ ಎಂದು ಕರೆಯಿತು. ಈ ಸೀಮೆಯಿಂದ ಹೊರಟು ಕನ್ನಡ, ತೆಲುಗು, ತಮಿಳು, ಮಲಯಾಳಂ, ಹಿಂದಿ ಐದರಲ್ಲೂ ನಾಯಕಿಯಾದ ಇನ್ನೊಬ್ಬ ಹೆಣ್ಣುಮಗಳಿದ್ದರೆ ಹೇಳಿ.

ಆಕೆಯ ಜೀವನ ಬರೆಯಲು ಕೂತರೆ ಮೊದಲ ಸಾಲಿನಲ್ಲೇ ಮುಗ್ಗರಿಸುತ್ತೇವೆ. ಹುಟ್ಟಿದ ದಿನ ಜುಲೈ 18 ಎನ್ನುವುದರಲ್ಲಿ ತಕರಾರಿಲ್ಲ. ವರ್ಷ ಮಾತ್ರ ಒಂದು ಕಡೆ 1972, ಇನ್ನೊಂದು ಕಡೆ 1976. ಹಾಗಾಗಿ 2004ರ ಏಪ್ರಿಲ್ 17ರಂದು ಕರೀಂನಗರದ ಚುನಾವಣಾ ಪ್ರಚಾರಕ್ಕೆಂದು ಜಕ್ಕೂರಿನಿಂದ ಮೇಲೆದ್ದ ಪುಟ್ಟ ವಿಮಾನ ಕೆಳಗೆ ಬಿದ್ದು, ಅಣ್ಣ ಅಮರನಾಥ್ ಜೊತೆ ಆಕೆ ತೀರಿಕೊಂಡಾಗ ವಯಸ್ಸು ಇಪ್ಪತ್ತೇಳೋ ಮೂವತ್ತೊಂದೋ ಎಂಬುದು ಯಾವ ಪುಸ್ತಕ ಬಿಚ್ಚುತ್ತೀರಿ ಎಂಬುದರ ಮೇಲೆ ನಿಂತಿದೆ. ಮೊನ್ನೆ ಮೊನ್ನೆ ನಮ್ಮ ಕಣ್ಣೆದುರು ಬದುಕಿದ್ದವರ ಕಥೆ ಇದು. ಹನ್ನೆರಡನೇ ಶತಮಾನದ ವಚನಕಾರರ ಕಾಲನಿರ್ಣಯಕ್ಕೆ ಜುಟ್ಟು ಹಿಡಿದು ಜಗಳವಾಡುವ ನಾವು ಇದಕ್ಕೆ ತಲೆ ಕೆಡಿಸಿಕೊಂಡಿಲ್ಲ.

ವೈದ್ಯಕೀಯ ಓದನ್ನು ಅರ್ಧಕ್ಕೆ ಬಿಟ್ಟದ್ದು, 1992ರ ‘ಗಂಧರ್ವ’, ಆಮೇಲೆ ತೆಲುಗಿಗೆ ಹೋದದ್ದು, ‘ಅಮ್ಮೋರು’, ‘ಪವಿತ್ರ ಬಂಧಂ’, ‘ಅಂತಃಪುರಂ’, ರಜನೀಕಾಂತ್ ಜೊತೆ ‘ಅರುಣಾಚಲಂ’, ‘ಪಡೆಯಪ್ಪ’ ಇವೆಲ್ಲ ನಿಮಗೆ ಬಾಯಿಪಾಠ. ಹನ್ನೆರಡು ವರ್ಷದಲ್ಲಿ ನೂರಕ್ಕೂ ಹೆಚ್ಚು ಚಿತ್ರ. ಅದರಲ್ಲಿ ಕನ್ನಡದವು ಹನ್ನೆರಡರ ಆಸುಪಾಸು. ಈ ಪಟ್ಟಿಯನ್ನೇ ನಾವು ಜೀವನಚರಿತ್ರೆ ಎಂದು ಕರೆಯುತ್ತಾ ಬಂದಿದ್ದೇವೆ.

ಕೆಲಸ ಆಗಿಲ್ಲ ಎಂದು ಹೇಳಿದರೆ ಅನ್ಯಾಯವಾದೀತು. ಕೆ. ಪುಟ್ಟಸ್ವಾಮಿಯವರ ‘ಸಿನಿಮಾ ಯಾನ’ ಇದೆ. ರಾಜ್‌ಕುಮಾರ್ ಅವರ ಬಗ್ಗೆ ದೊಡ್ಡಹುಲ್ಲೂರು ರುಕ್ಕೋಜಿ ಬರೆದ ಬೃಹತ್ ಸಂಪುಟಗಳಿವೆ. ಮುಂದಿನ ಸಾಲಿನಲ್ಲಿರುವ ಹಂಪಿಯ ಮಿತ್ರರು ಪ್ರೇಕ್ಷಕರ ಬಗ್ಗೆ, ಅವರ ಪಕ್ಕದ ಮೇಡಂ ತಾಯಿ ಪಾತ್ರಗಳ ಬಗ್ಗೆ ಮಾಡಿರುವ ಕೆಲಸವನ್ನು ನಾನು ಓದಿದ್ದೇನೆ, ಅದರಿಂದ ಕದ್ದೂ ಇದ್ದೇನೆ. ನಾಳೆ ಅವರೇ ಮಾತಾಡುತ್ತಾರಾದ್ದರಿಂದ ಸಮೀಕ್ಷೆಯನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ನನ್ನ ಹಳೆಯ ತಕರಾರು ಬೇರೆ. ಚಿತ್ರನಟರನ್ನು ನಾವು ಬರೀ ಮುಖ ಎಂದುಕೊಂಡು ಬರೆದೆವು. ತೆರೆಯ ಮೇಲೆ ಕೇಳುವ ದನಿ ಆ ಮುಖದ್ದೇ ಹೌದೇ ಎಂದು ಒಬ್ಬರೂ ಕೇಳಲಿಲ್ಲ.

ನನ್ನ ತಲೆಗೆ ಈ ಹುಳ ಬಿಟ್ಟವರು ವಿದ್ವಾಂಸರಲ್ಲ, ಶ್ರೀನಿವಾಸಪುರದ ಕಡೆಯ ನನ್ನ ಸೋದರತ್ತೆ. ನಮ್ಮ ಮನೆಗಳು ನಿಮಗೆ ಗೊತ್ತಲ್ಲ, ಒಲೆಯ ಮುಂದೆ ತೆಲುಗು, ಜಗಲಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ‘ಅಮ್ಮೋರು’ ನೋಡಿ ಬಂದು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಅತ್ತೆ ಹೇಳಿದರು: ‘ಹುಡುಗಿ ನಮ್ಮ ಕಡೆಯದು ಕಣೋ, ಮಾತು ಮಾತ್ರ ಗುಂಟೂರಿನದು.’ ಶಾಲೆಯ ಮೆಟ್ಟಿಲು ಹತ್ತದ ಹೆಂಗಸು. ಆದರೆ ಕೋಲಾರದ ತೆಲುಗು ಎಲ್ಲಿ ಎಳೆಯುತ್ತದೆ, ಕೃಷ್ಣಾ ತೀರದ ತೆಲುಗು ಎಲ್ಲಿ ತೇಲುತ್ತದೆ ಎಂಬುದು ಆ ಕಿವಿಗೆ ಗೊತ್ತಿತ್ತು. ನಾನು ಆಗ ನಕ್ಕುಬಿಟ್ಟೆ.

ಆಮೇಲೆ ಹುಡುಕುತ್ತಾ ಹೋದರೆ ಕಥೆ ಎಲ್ಲೆಲ್ಲಿಗೋ ಹೋಗುತ್ತದೆ. ತೆಲುಗಿನಲ್ಲಿ ಸೌಂದರ್ಯ ಅವರಿಗೆ ಕಂಠದಾನ ಮಾಡಿದವರಲ್ಲಿ ಸರಿತಾ ಒಬ್ಬರು. ಯಾವ ಸರಿತಾ? ನಮ್ಮ ‘ಹೊಸ ಬೆಳಕು’, ‘ಕಾಮನಬಿಲ್ಲು’ ಚಿತ್ರಗಳ ಸರಿತಾ, ಅಣ್ಣಾವ್ರ ನಾಯಕಿ. ಹುಟ್ಟಿದ್ದು ಆಂಧ್ರದಲ್ಲಿ. ಟಿವಿಯಲ್ಲಿ ಸುತ್ತಿ ಸುತ್ತಿ ಬರುವ ಹಿಂದಿಯ ‘ಸೂರ್ಯವಂಶಂ’ ಎಲ್ಲರೂ ನೋಡಿದ್ದೀರಿ, ಬೇಡವೆಂದರೂ ನೋಡಿದ್ದೀರಿ. 1999ರ ಚಿತ್ರ, ಅಮಿತಾಭ್ ಬಚ್ಚನ್ ಎದುರು ನಮ್ಮ ಮುಳಬಾಗಿಲಿನ ಹುಡುಗಿ. ಆದರೆ ಕೇಳುವ ದನಿ ನಟಿ ರೇಖಾ ಅವರದು. ಅದೇ ಚಿತ್ರದ ಜಯಸುಧಾ ಅವರಿಗೂ ರೇಖಾ ಅವರದೇ ದನಿ. ಆ ರೇಖಾ ನಾಯಕಿಯಾಗಿ ಮೊದಲು ಕಾಣಿಸಿಕೊಂಡದ್ದು 1969ರಲ್ಲಿ, ರಾಜ್‌ಕುಮಾರ್ ಎದುರು, ಕನ್ನಡದ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಚಿತ್ರದಲ್ಲಿ. ಕನ್ನಡ ಚಿತ್ರರಂಗದ ಇತಿಹಾಸ, ತೆಲುಗು ಚಿತ್ರರಂಗದ ಇತಿಹಾಸ ಎಂದು ಬೇಲಿ ಹಾಕಿ ಬರೆದವರಿಗೆ ಈ ಕೊಡುಕೊಳ್ಳುವಿಕೆ ಹೇಗೆ ಕಂಡೀತು? ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ವನ್ನು 1934ರಲ್ಲಿ ನಿರ್ದೇಶಿಸಿದ ವೈ.ವಿ. ರಾವ್ ತೆಲುಗಿನವರು, ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಬೇಲಿ ಮೊದಲ ದಿನದಿಂದಲೂ ಇರಲಿಲ್ಲ. ನಾವೇ ಆಮೇಲೆ ನೆಟ್ಟದ್ದು.

ಮುಖ ಬೇರೆ, ದನಿ ಬೇರೆ ಆಗುವುದಕ್ಕೆ ಭಾಷೆ ಬಾರದ್ದೊಂದೇ ಕಾರಣವಲ್ಲ. ಇಲ್ಲಿ ಜರ್ಮನಿಯ ಪಾತ್ರವೂ ಇದೆ. ಮ್ಯೂನಿಕ್‌ನ ಆರಿ ಕಂಪನಿ 1937ರಲ್ಲಿ ಹೊರತಂದ ಆರಿಫ್ಲೆಕ್ಸ್ ಕ್ಯಾಮೆರಾದ ಸಂತತಿ, ಅದರಲ್ಲೂ 2ಸಿ, ನಮ್ಮ ಛಾಯಾಗ್ರಾಹಕರಿಗೆ ಅಚ್ಚುಮೆಚ್ಚಾಗಿತ್ತು. ಹಗುರ, ಗಟ್ಟಿ, ಹೆಗಲಿಗೇರಿಸಿ ಬೆಟ್ಟ ಹತ್ತಬಹುದು. ಒಂದೇ ತೊಂದರೆ, ಓಡುವಾಗ ಗರಗರ ಸದ್ದು. ಆ ಸದ್ದಿನಲ್ಲಿ ಮಾತು ಹಿಡಿಯುವುದು ಕಷ್ಟ. ಹಾಗಾಗಿ ಚಿತ್ರೀಕರಣದಲ್ಲಿ ಆಡಿದ ಮಾತು ಬರೀ ಗುರುತಿಗೆ; ತೆರೆಯ ಮೇಲೆ ಕೇಳುವ ಮಾತು ಆಮೇಲೆ ಸ್ಟುಡಿಯೋದ ಕತ್ತಲ ಕೋಣೆಯಲ್ಲಿ ಆಡಿದ್ದು. ‘ಲಗಾನ್’ 2001ರಲ್ಲಿ ಸ್ಥಳದಲ್ಲೇ ಧ್ವನಿ ಹಿಡಿದಾಗ ದೇಶವೆಲ್ಲ ಅದನ್ನು ಸಾಹಸವೆಂದು ಮಾತಾಡಿತು ಎಂದರೆ ಅಭ್ಯಾಸ ಎಷ್ಟು ಬೇರೂರಿತ್ತು ನೋಡಿ.

ಆ ಕತ್ತಲ ಕೋಣೆಯ ಕೆಲಸ ಹೇಗಿತ್ತು ಎಂಬುದನ್ನು ನಮ್ಮ ಹುಡುಗರು ತಿಳಿಯಬೇಕು. ದೃಶ್ಯವನ್ನು ತುಂಡು ಮಾಡಿ, ಒಂದೊಂದು ತುಂಡಿನ ತಲೆಗೆ ಬಾಲ ಅಂಟಿಸಿ ಪ್ರೊಜೆಕ್ಟರಿಗೆ ಹಾಕುತ್ತಿದ್ದರು. ಅದಕ್ಕೆ ಲೂಪ್ ಎಂದೇ ಹೆಸರು. ಅದೇ ನಾಲ್ಕು ಮಾತು ತೆರೆಯ ಮೇಲೆ ತಿರುಗುತ್ತಲೇ ಇರುತ್ತದೆ. ಕಂಠದಾನ ಮಾಡುವಾಕೆ ಹೆಡ್‌ಫೋನು ಹಾಕಿಕೊಂಡು ಮೈಕಿನ ಮುಂದೆ ನಿಂತಿರುತ್ತಾಳೆ. ತೆರೆಯ ತುಟಿ ಮುಚ್ಚಿದಾಗ ಇವಳ ಬಾಯಲ್ಲಿ ಪಕಾರವೋ ಬಕಾರವೋ ಮಕಾರವೋ ಬರಬೇಕು. ಅಲ್ಲಿ ಕಕಾರ ಬಂದರೆ ಸುಳ್ಳು ಸಿಕ್ಕಿಬಿತ್ತು. ಮಾತು ಮುಗಿದ ಮೇಲೆ ಬಿಕ್ಕು, ನಿಟ್ಟುಸಿರು, ಓಡಿ ಬಂದ ಏದುಸಿರು. ನಾಯಕಿ ಗಂಡನ ಎದೆಗೊರಗಿ ಅಳುವಾಗ ನಮ್ಮ ಕಣ್ಣಲ್ಲಿ ನೀರು ತರಿಸುವುದು ಆ ಅಳುವಿನ ಸದ್ದು. ಅದನ್ನು ಅತ್ತವಳು ಯಾರ ಎದೆಗೂ ಒರಗಿರಲಿಲ್ಲ. ಇದು ಅಭಿನಯ ಹೌದೋ ಅಲ್ಲವೋ?

ಎಮಿಲ್ ಯಾನಿಂಗ್ಸ್ ಎಂಬ ಜರ್ಮನ್ ನಟನ ಹೆಸರು ಕೇಳಿರಬಹುದು. ಮೂಕಿ ಯುಗದ ದೈತ್ಯ. 1929ರಲ್ಲಿ ಮೊಟ್ಟಮೊದಲ ಆಸ್ಕರ್ ಅತ್ಯುತ್ತಮ ನಟ ಪ್ರಶಸ್ತಿ ಅವನದೇ. ಅಷ್ಟರಲ್ಲಿ ಸಿನಿಮಾಕ್ಕೆ ಮಾತು ಬಂತು. ಅವನ ಇಂಗ್ಲಿಷಿನಲ್ಲಿ ಜರ್ಮನ್ ಉಚ್ಚಾರ ದಟ್ಟವಾಗಿತ್ತು. ಹಾಲಿವುಡ್ ಬಿಟ್ಟು ಊರಿಗೆ ಮರಳಿದ. ಅಲ್ಲಿ ‘ದಿ ಬ್ಲೂ ಏಂಜೆಲ್’ ಮಾಡಿದ, ಮುಂದೆ ನಾಜಿಗಳ ಚಿತ್ರಗಳಲ್ಲಿ ನಟಿಸಿ ಯುದ್ಧ ಮುಗಿದ ಮೇಲೆ ಕೆಲಸವಿಲ್ಲದೆ ಉಳಿದ. ಜರ್ಮನಿಯಲ್ಲೇ ಫ್ರಿಟ್ಜ್ ಲಾಂಗ್‌ನ ‘ಎಮ್’ ಚಿತ್ರದಿಂದ ಹೆಸರಾದ ಪೀಟರ್ ಲೋರೆಯ ಹಾದಿ ತಿರುಗುಮುರುಗು. ನಾಜಿಗಳಿಂದ ತಪ್ಪಿಸಿಕೊಂಡು ಹೋದ ಅವನಿಗೆ ಆ ವಿಚಿತ್ರ ಉಚ್ಚಾರವೇ ಹಾಲಿವುಡ್‌ನಲ್ಲಿ ಅನ್ನ ಕೊಟ್ಟಿತು. ಇಬ್ಬರ ಬದುಕನ್ನೂ ತಿರುಗಿಸಿದ್ದು ದನಿ. ಅವರ ಜೀವನಚರಿತ್ರೆಕಾರರು ಅದನ್ನು ಮರೆಯುವುದಿಲ್ಲ. ನಮ್ಮಲ್ಲಿ ಯಾನಿಂಗ್ಸ್ ಇದ್ದಿದ್ದರೆ ವಾಪಸು ಹೋಗಬೇಕಾಗಿರಲಿಲ್ಲ, ಚೆನ್ನೈನಲ್ಲಿ ಒಬ್ಬರು ಕಂಠ ಕೊಡುತ್ತಿದ್ದರು.

ಇನ್ನೊಂದು ತಮಾಷೆ. ಪರಭಾಷೆಯ ಚಿತ್ರ ಕನ್ನಡಕ್ಕೆ ಡಬ್ ಆಗಕೂಡದೆಂದು ಅರವತ್ತರ ದಶಕದಿಂದ ಹೋರಾಡಿದೆವು. ವಿಷಯ ಸ್ಪರ್ಧಾ ಆಯೋಗದವರೆಗೂ ಹೋಗಿ 2015ರಲ್ಲಿ ಆದೇಶ ಬಂತು. ಆ ಹೋರಾಟಕ್ಕೆ ಅದರದೇ ಕಾರಣಗಳಿದ್ದವು, ಇವತ್ತು ಆ ಜೇನುಗೂಡಿಗೆ ಕಲ್ಲು ಹೊಡೆಯುವುದಿಲ್ಲ. ಆದರೆ ಡಬ್ಬಿಂಗ್ ಬೇಡ ಎಂದು ಘೋಷಣೆ ಕೂಗಿದ ಅದೇ ನಾವು, ಕನ್ನಡದ್ದೇ ಚಿತ್ರಗಳಲ್ಲಿ ಪರಭಾಷಾ ನಾಯಕಿಯರಿಗೆ ಕನ್ನಡದ ಹೆಣ್ಣುಮಕ್ಕಳು ಕಂಠ ಕೊಡುತ್ತಿದ್ದುದನ್ನು ಕೇಳಿಸಿಕೊಳ್ಳಲೇ ಇಲ್ಲ. ಹಾಡಿದವರ ಹೆಸರು ಕ್ಯಾಸೆಟ್ಟಿನ ಮೇಲೆ ಇತ್ತು. ಮಾತಾಡಿದವರ ಹೆಸರು ಹುಡುಕಬೇಕು. ಹಿನ್ನೆಲೆ ಗಾಯನಕ್ಕೆ 1967ರಿಂದ ರಾಷ್ಟ್ರಪ್ರಶಸ್ತಿ ಇದೆ.

ಸಂಚಾಲಕರು ಚೀಟಿ ಕಳಿಸಿದ್ದಾರೆ. ಹತ್ತು ನಿಮಿಷವಂತೆ. ಸರಿ, ‘ದ್ವೀಪ’ಕ್ಕೆ ಬರುತ್ತೇನೆ.

ನಾ. ಡಿಸೋಜಾ ಅವರ ಕಾದಂಬರಿ, ಗಿರೀಶ ಕಾಸರವಳ್ಳಿ ನಿರ್ದೇಶನ, ಎಚ್.ಎಂ. ರಾಮಚಂದ್ರ ಛಾಯಾಗ್ರಹಣ, ನಿರ್ಮಾಣ ಸೌಂದರ್ಯ. ತೆಲುಗಿನ ಬೇಡಿಕೆಯ ತಾರೆ ತನ್ನ ದುಡ್ಡು ಹಾಕಿ, ಅಣೆಕಟ್ಟಿನ ನೀರು ಏರುತ್ತಿರುವ ಗುಡ್ಡದ ಮೇಲೆ ಉಳಿದುಹೋದ ಸಂಸಾರದ ಕಥೆ ತೆಗೆಸಿದರು. ಮಳೆ ಕಳೆದ ಮೇಲೆ ಗಂಡ ಗಣಪ ಬದುಕಿ ಉಳಿದದ್ದನ್ನೆಲ್ಲ ದೈವದ ಲೆಕ್ಕಕ್ಕೆ ಬರೆಯುತ್ತಾನೆ. ದುಡಿದ ನಾಗಿಗೆ ಅದರಲ್ಲಿ ಪಾಲಿಲ್ಲ. ಆಗ ನಾಗಿಯ ಮುಖ ನೋಡಿ. ಗೊಣಗಾಟವಿಲ್ಲ, ಕಣ್ಣೀರಿಲ್ಲ, ನೂರು ಚಿತ್ರಗಳಲ್ಲಿ ಆಕೆಯಿಂದ ಯಾರೂ ಕೇಳದೇ ಇದ್ದ ಒಂದು ಸುಮ್ಮನಿರುವಿಕೆ. 49ನೇ ರಾಷ್ಟ್ರಪ್ರಶಸ್ತಿಗಳಲ್ಲಿ ಚಿತ್ರಕ್ಕೆ ಸ್ವರ್ಣಕಮಲ ಬಂತು. ಸೌಂದರ್ಯ ಅದನ್ನು ಪಡೆದದ್ದು ನಿರ್ಮಾಪಕಿಯಾಗಿ. ಆ ವರ್ಷದ ಅತ್ಯುತ್ತಮ ನಟಿ ಪ್ರಶಸ್ತಿ ಶೋಭನಾ ಮತ್ತು ಟಬು ಅವರಿಗೆ ಹೋಯಿತು.

ಶೋಭನಾ ಹೆಸರು ಬಂತಲ್ಲ, ನನ್ನ ಬಿಡಿಸಲಾರದ ಗಂಟು ಅಲ್ಲೇ ಇದೆ. 1993ರ ಮಲಯಾಳಂನ ‘ಮಣಿಚಿತ್ರತ್ತಾಳ್’ ಚಿತ್ರದಲ್ಲಿ ನಾಗವಲ್ಲಿ ಎಂಬ ನರ್ತಕಿಯಾಗಿ ಹೊರಳುವ ಗಂಗಾ ಪಾತ್ರಕ್ಕೆ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ದನಿ ಕಂಠದಾನ ಕಲಾವಿದೆ ಭಾಗ್ಯಲಕ್ಷ್ಮಿ ಅವರದೆಂದು ಎಲ್ಲರೂ ನಂಬಿದ್ದರು. 2016ರಲ್ಲಿ ನಿರ್ದೇಶಕ ಫಾಝಿಲ್ ಬಾಯಿಬಿಟ್ಟರು: ಗಂಗೆಯ ದನಿ ಭಾಗ್ಯಲಕ್ಷ್ಮಿಯದು ನಿಜ, ನಾಗವಲ್ಲಿಯಾಗಿ ತಮಿಳಿನಲ್ಲಿ ಅಬ್ಬರಿಸಿದ್ದು ದುರ್ಗಾ ಎಂಬ ಇನ್ನೊಬ್ಬ ಕಲಾವಿದೆ. ಇಪ್ಪತ್ಮೂರು ವರ್ಷ ಆಕೆಯ ಹೆಸರು ಹೊರಗೆ ಬಂದಿರಲಿಲ್ಲ. ಒಂದು ದೇಹ, ಎರಡು ದನಿ, ಒಂದು ಪ್ರಶಸ್ತಿ.

ಅದೇ ಕಥೆ ಪಿ. ವಾಸು ನಿರ್ದೇಶನದಲ್ಲಿ, ದ್ವಾರಕೀಶ್ ನಿರ್ಮಾಣದಲ್ಲಿ ‘ಆಪ್ತಮಿತ್ರ’ವಾಯಿತು. 2004ರ ಆಗಸ್ಟ್‌ನಲ್ಲಿ ತೆರೆಗೆ ಬಂದಾಗ ಸೌಂದರ್ಯ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ನಮ್ಮ ನಾಗವಲ್ಲಿ ತೆಲುಗಿನ ನರ್ತಕಿ. ಕನ್ನಡದ ಗಂಗೆ ನೋಡನೋಡುತ್ತಾ ತೆಲುಗಿಗೆ ಹೊರಳುವುದನ್ನು ರಾಜ್ಯವೆಲ್ಲ ಭೂತ ಹಿಡಿದದ್ದೆಂದು ನೋಡಿ ಬೆಚ್ಚಿತು. ಕೋಲಾರದ ಜನಕ್ಕೆ ಅದರಲ್ಲಿ ಬೆಚ್ಚುವಂಥದ್ದೇನೂ ಇರಲಿಲ್ಲ, ನಮ್ಮ ಮನೆಗಳಲ್ಲಿ ದಿನಾ ನಡೆಯುವ ವ್ಯವಹಾರ! ಎರಡು ಭಾಷೆಯ ಸೀಮೆಯಲ್ಲಿ ಹುಟ್ಟಿದ ನಟಿಯ ಕೊನೆಯ ಪಾತ್ರ ಎರಡು ಭಾಷೆಯ ನಡುವೆ ಸೀಳಿದ ಹೆಣ್ಣಿನದು. ಹಾಗಾದರೆ ಆ ಹೊರಳಿಕೆಯಲ್ಲಿ ಆಕೆಯದೇ ಬಾಯಿಮಾತು ಎಷ್ಟು? ಗಂಗೆಯ ಮಾತು ಯಾರದು, ನಾಗವಲ್ಲಿಯ ಕೂಗು ಯಾರದು, ನಗು ಯಾರದು? ಪ್ರಬಂಧಗಳು, ಪುರವಣಿ ಲೇಖನಗಳು ನೂರಾರು ಬಂದಿವೆ. ಈ ಪ್ರಶ್ನೆ ಎತ್ತಿಕೊಂಡದ್ದನ್ನು ನಾನು ಕಂಡಿಲ್ಲ.

ಧಾರವಾಡದ ಮಿತ್ರರು ತಲೆ ಅಲ್ಲಾಡಿಸುತ್ತಿದ್ದಾರೆ. ಅವರ ವಾದ ನನಗೆ ಗೊತ್ತು: ಪ್ರೇಕ್ಷಕ ಕಂಡದ್ದು ಒಂದೇ ವ್ಯಕ್ತಿಯನ್ನು, ಅದನ್ನು ಬಿಡಿಭಾಗ ಮಾಡುವುದು ಮೆಕ್ಯಾನಿಕ್ಕಿನ ಕೆಲಸ. ಯಕ್ಷಗಾನದಲ್ಲಿ ಭಾಗವತರು ಹಾಡಿದರೆ ವೇಷಧಾರಿಯ ಕಲೆ ಕಡಿಮೆಯಾಯಿತೇ ಎಂದೂ ಕೇಳುತ್ತಾರೆ. ಆದರೆ ಭಾಗವತರು ರಂಗದ ಮೇಲೇ ಕೂತಿರುತ್ತಾರೆ ಸ್ವಾಮಿ, ಎಲ್ಲರಿಗೂ ಕಾಣುವಂತೆ. ಮರುದಿನ ಊರಿನಲ್ಲಿ ಅವರ ಹೆಸರು ಹೇಳುತ್ತಾರೆ. ಸೌಂದರ್ಯ ಅವರ ಕಲೆ ಇದರಿಂದ ಚಿಕ್ಕದಾಗುತ್ತದೆಂದು ನಾನೂ ಒಪ್ಪುವುದಿಲ್ಲ. ಪರರ ದನಿಗೆ ಜಾಗ ಬಿಟ್ಟು ನಟಿಸುವುದು ಬೇರೆಯೇ ಒಂದು ವಿದ್ಯೆ ಇರಬೇಕು. ಅದನ್ನು ಅಳೆಯುವ ಕೋಲು ನಮ್ಮ ವಿಮರ್ಶೆಯಲ್ಲಿ ಇನ್ನೂ ಇಲ್ಲ. ನನಗೂ ಆ ಕೋಲು ಸಿಕ್ಕಿಲ್ಲ.

ಕೊನೆಯದಾಗಿ ಹಿಂದಿನ ಸಾಲಿನವರಿಗೆ ಒಂದು ಮಾತು. ತೊಂಬತ್ತರ ದಶಕದಲ್ಲಿ ಲೂಪಿನ ಮುಂದೆ ನಿಂತವರಿಗೆ ಈಗ ವಯಸ್ಸಾಗಿದೆ. ಚೆನ್ನೈ, ಹೈದರಾಬಾದು, ಬೆಂಗಳೂರಿನಲ್ಲಿ ಇದ್ದಾರೆ. ಅವರ ಜೊತೆ ಧ್ವನಿಗ್ರಹಣ ಮಾಡಿದ ಇಂಜಿನಿಯರುಗಳೂ ಇದ್ದಾರೆ. ನಿಮ್ಮ ಕೈಯಲ್ಲಿರುವ ಫೋನು ಸಾಕು, ಹೋಗಿ ಕೂತು ಕೇಳಿಸಿಕೊಳ್ಳಿ: ಯಾವ ಚಿತ್ರ, ಯಾವ ನಟಿ, ಯಾವ ಸ್ಟುಡಿಯೋ, ಕೊಟ್ಟ ಹಣ ಎಷ್ಟು. ನಿಮಗೆ ಕನ್ನಡವೂ ಬರುತ್ತದೆ, ತೆಲುಗೂ ಬರುತ್ತದೆ. ಬೆಂಗಳೂರಿನ ಸಂಶೋಧಕರಿಗಿಂತ ಈ ಕೆಲಸ ನಿಮಗೆ ಸಲೀಸು. ‘ಆಪ್ತಮಿತ್ರ’ದಿಂದಲೇ ಶುರು ಮಾಡಿ. ಪ್ರಾಂಶುಪಾಲರು ಗ್ರಂಥಾಲಯದಲ್ಲಿ ಒಂದು ಕಪಾಟು ಕೊಡುವುದಾಗಿ ಬೆಳಿಗ್ಗೆ ಚಹಾ ಕುಡಿಯುವಾಗ ಒಪ್ಪಿದ್ದಾರೆ, ಈಗ ಎಲ್ಲರ ಮುಂದೆ ಹೇಳಿದ್ದೇನೆ, ಇನ್ನು ಅವರು ಹಿಂದೆ ಸರಿಯುವಂತಿಲ್ಲ.