ಕಸುಬೋ ಕಾಲೇಜೋ: ತೀರ್ಮಾನ ಯಾರದು?



ಮೇ ತಿಂಗಳಲ್ಲಿ ಹತ್ತನೆಯ ಹಾಗೂ ಹನ್ನೆರಡನೆಯ ತರಗತಿಗಳ ಫಲಿತಾಂಶ ಪ್ರಕಟವಾದೊಡನೆ ಚೆನ್ನೈನ ಮನೆಮನೆಯಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಮುಂದೇನು? ಪ್ರಶ್ನೆ ಏಳುವ ಮೊದಲೇ ಉತ್ತರ ಸಿದ್ಧವಾಗಿರುವ ಮನೆಗಳೂ ಉಂಟು. ವ್ಯಾಪಾರಸ್ಥರ ಮಗನಾದರೆ ಬಿ.ಕಾಂ.; ಅಂಕ ಹೆಚ್ಚಿದ್ದರೆ ಸಿ.ಎ. ಅಥವಾ ಇಂಜಿನಿಯರಿಂಗ್, ಯಾವುದೂ ಕೈಗೂಡದಿದ್ದರೆ ಹೆಸರಿಗೊಂದು ಪದವಿ. ಫಿಟ್ಟರ್, ಎಲೆಕ್ಟ್ರಿಷಿಯನ್, ಮೆಷಿನಿಸ್ಟ್ ಎಂಬ ಮಾತುಗಳು ಅಲ್ಲಿ ಬಂದರೆ ಬೆದರಿಕೆಯ ರೂಪದಲ್ಲಿ ಬರುತ್ತವೆ. "ಸರಿಯಾಗಿ ಓದದಿದ್ದರೆ ಐಟಿಐಗೆ ಸೇರಿಸಿಬಿಡುತ್ತೇನೆ, ನೋಡು." ಕೈಕಸುಬನ್ನು ಶಿಕ್ಷೆಯೆಂದು ಮಕ್ಕಳಿಗೆ ಹೇಳಿಕೊಡುವ ಈ ವಾಕ್ಯವೇ ಇಂದಿನ ವಿಚಾರದ ಆರಂಭ.

ಕಸುಬು ಮತ್ತು ಓದಿನ ನಡುವಣ ವ್ಯಾಜ್ಯ ಈ ಊರಿಗೆ ಹೊಸತಲ್ಲ. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಸಿ. ರಾಜಗೋಪಾಲಾಚಾರಿಯವರು ಗ್ರಾಮಾಂತರದ ಪ್ರಾಥಮಿಕ ಶಾಲೆಗಳಿಗಾಗಿ ಒಂದು ಮಾರ್ಪಡಿಸಿದ ಶಿಕ್ಷಣ ಯೋಜನೆಯನ್ನು ಜಾರಿಗೆ ತಂದರು. ಮಗು ದಿನಕ್ಕೆ ಮೂರು ಗಂಟೆ ಶಾಲೆಯಲ್ಲಿ ಕಲಿಯಬೇಕು. ಉಳಿದ ಹೊತ್ತಿನಲ್ಲಿ ಮನೆಯಲ್ಲಿದ್ದು ಹೆತ್ತವರ ವೃತ್ತಿಯನ್ನು ಅಭ್ಯಾಸ ಮಾಡಬೇಕು. ಎರಡು ಪಾಳಿಯಲ್ಲಿ ಶಾಲೆ ನಡೆದರೆ ಇದ್ದ ಕಟ್ಟಡ, ಇದ್ದ ಶಿಕ್ಷಕರಿಂದಲೇ ಹೆಚ್ಚು ಮಕ್ಕಳಿಗೆ ಅಕ್ಷರ ಕಲಿಸಬಹುದು, ಶ್ರಮದ ಗೌರವವೂ ಉಳಿಯುತ್ತದೆ ಎಂಬುದು ಅವರ ವಾದ. ವಿರೋಧಿಗಳು ಅದನ್ನು 'ಕುಲಕ್ಕಲ್ವಿ ತಿಟ್ಟಂ', ಅಂದರೆ ಕುಲಶಿಕ್ಷಣ ಯೋಜನೆ ಎಂದು ಕರೆದರು. ಪೆರಿಯಾರ್ ಅವರ ದ್ರಾವಿಡರ್ ಕಳಗಂ ಬೀದಿಗಿಳಿಯಿತು. ಆಡಳಿತ ಪಕ್ಷದೊಳಗೂ ಅಸಮಾಧಾನ ಬೆಳೆಯಿತು. 1954ರ ಏಪ್ರಿಲ್‌ನಲ್ಲಿ ರಾಜಾಜಿಯವರು ಅಧಿಕಾರ ಬಿಟ್ಟರು. ಅವರ ಅನಂತರ ಬಂದ ಕಾಮರಾಜರ ಸರ್ಕಾರ ಮರುತಿಂಗಳೇ ಯೋಜನೆಯನ್ನು ಕೈಬಿಟ್ಟಿತು.

ಇದು ತಮಿಳರ ಕಥೆ ಮಾತ್ರವೆಂದು ಯಾರೂ ಭಾವಿಸಬೇಕಾಗಿಲ್ಲ. ಮೂಡಬಿದಿರೆ, ಕಾರ್ಕಳ, ಕಾಸರಗೋಡುಗಳನ್ನು ಒಳಗೊಂಡಿದ್ದ ದಕ್ಷಿಣ ಕನ್ನಡ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ಭಾಗವೇ ಆಗಿತ್ತು. ಚೆನ್ನೈನಲ್ಲಿ ತೆಗೆದುಕೊಂಡ ಆ ತೀರ್ಮಾನ ಕರಾವಳಿಯ ಕನ್ನಡ ಮನೆಗಳ ಮಕ್ಕಳಿಗೂ ಸಂಬಂಧಿಸಿದ್ದಾಗಿತ್ತು.

ಆ ಯೋಜನೆಯ ದೋಷವೇನು? ಕೈಕೆಲಸ ಕಲಿಸಲು ಹೊರಟದ್ದು ದೋಷವಲ್ಲ. ಯಾವ ಕೈಕೆಲಸವೆಂಬುದನ್ನು ಹುಟ್ಟು ನಿರ್ಧರಿಸಿತು. ಇನ್ನೂ ಆಯ್ಕೆಮಾಡಲಾರದ ವಯಸ್ಸಿನಲ್ಲಿ ನಿರ್ಧರಿಸಿತು. ಮಡಿವಾಳನ ಮಗುವಿನ ಪಾಠದ ಹೊತ್ತನ್ನು ಕಡಿತಗೊಳಿಸಿ, ಬೇರೊಂದು ಬದುಕಿಗೆ ಹೋಗುವ ಬಾಗಿಲನ್ನು ಕಿರಿದುಗೊಳಿಸಿತು. ಈ ಮೂರನ್ನೂ ನೆನಪಿನಲ್ಲಿಟ್ಟುಕೊಂಡರೆ ಇಂದಿನ ರಾಜಕೀಯವೂ ಸ್ಪಷ್ಟವಾಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರವು 18 ಕಸುಬುಗಳಿಗಾಗಿ ಪಿ.ಎಂ. ವಿಶ್ವಕರ್ಮ ಯೋಜನೆಯನ್ನು ಆರಂಭಿಸಿತು. ಅರ್ಜಿದಾರರ ಕುಟುಂಬವು ಪರಂಪರೆಯಿಂದ ಆ ಕಸುಬಿನಲ್ಲಿರಬೇಕೆಂಬ ಷರತ್ತನ್ನು ತೆಗೆಯಬೇಕು, ಕನಿಷ್ಠ ವಯಸ್ಸನ್ನು 18ರಿಂದ 35ಕ್ಕೆ ಏರಿಸಬೇಕು ಎಂದು ತಮಿಳುನಾಡು ಕೇಳಿತು. 2025ರ ಏಪ್ರಿಲ್‌ನಲ್ಲಿ ಕುಟುಂಬದ ಷರತ್ತಿಲ್ಲದ ತನ್ನದೇ ಕಲೈಞರ್ ಕೈವಿನೈ ಯೋಜನೆಯನ್ನು ತಂದಿತು. ಕೇಂದ್ರದ ಯೋಜನೆ ನೀಡುವ ಸಾಲ, ತರಬೇತಿ, ಉಪಕರಣಗಳು ಕುಶಲಕರ್ಮಿಗಳಿಗೆ ನಿಜವಾಗಿಯೂ ಬೇಕಾದವು. ಆದರೆ ಹದಿನೆಂಟರ ಯುವಕನೊಬ್ಬನಿಗೆ "ನಿನ್ನ ತಂದೆ ಏನು ಮಾಡುತ್ತಿದ್ದರು?" ಎಂದು ಕೇಳಿ ಸಾಲ ಕೊಡುವುದಕ್ಕೂ "ನಿನಗೇನು ಬರುತ್ತದೆ?" ಎಂದು ಕೇಳಿ ಕೊಡುವುದಕ್ಕೂ ವ್ಯತ್ಯಾಸವಿದೆ. ತಮಿಳುನಾಡಿನ ಆಕ್ಷೇಪಣೆಗೆ 1953ರ ನೆನಪಿನ ಬಲವಿದೆ.

ಇನ್ನು ಪ್ರಶ್ನೆಯನ್ನು ತಮ್ಮ ಮನೆಯ ಕಡೆಗೆ ತಿರುಗಿಸಿಕೊಳ್ಳಬೇಕು. ಕುಲಕಸುಬನ್ನು ಖಂಡಿಸುವ ಸಮಾಜವೇ ಪದವಿಯನ್ನು ಕುಲಾಚಾರ ಮಾಡಿಕೊಂಡಿಲ್ಲವೇ? ಲೇತ್ ಯಂತ್ರದ ಮುಂದೆ ನಿಂತು ಹೊತ್ತು ಮರೆಯುವ ಹುಡುಗನನ್ನು ಮನೆತನದ ಹೆಸರಿಗಾಗಿ ಮೂರು ವರ್ಷ ತರಗತಿಯಲ್ಲಿ ಕೂಡಿಹಾಕುವುದೂ ಹುಟ್ಟಿನಿಂದಲೇ ಆದ ತೀರ್ಮಾನ. ಸಭೆಯಲ್ಲಿ "ಯುವಕರು ಕೌಶಲ ಕಲಿಯಬೇಕು" ಎಂದು ಭಾಷಣ ಮಾಡುವ ಹಿರಿಯರು ಆ ಮಾತನ್ನು ಅಂಗಡಿಯ ಕೆಲಸದವನ ಮಗನಿಗೆ ಹೇಳುತ್ತಾರೆಯೇ, ಸ್ವಂತ ಮೊಮ್ಮಗನಿಗೂ ಹೇಳುತ್ತಾರೆಯೇ ಎಂಬುದೇ ಒರೆಗಲ್ಲು.

ಪರಂಪರೆಯ ಕಡೆ ನೋಡಿದರೂ ಈ ತಿರಸ್ಕಾರಕ್ಕೆ ಆಧಾರವಿಲ್ಲ. ಆದಿತೀರ್ಥಂಕರ ವೃಷಭನಾಥರು ಜನರಿಗೆ ಕಲಿಸಿದರೆಂದು ಜಿನಸೇನಾಚಾರ್ಯರ ಆದಿಪುರಾಣ ಹೇಳುವ ಷಟ್ಕರ್ಮಗಳು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ ಮತ್ತು ಶಿಲ್ಪ. ಲೆಕ್ಕಿಗನ ಮಸಿ ಮತ್ತು ಕುಶಲಕರ್ಮಿಯ ಶಿಲ್ಪ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಅದೇ ಪುರಾಣ ವೃತ್ತಿಗಳನ್ನು ವರ್ಣಗಳೊಂದಿಗೂ ಜೋಡಿಸಿತೆಂಬುದನ್ನು ಮರೆಮಾಚಬಾರದು. ಪಂಕ್ತಿಯನ್ನು ಉಳಿಸಿಕೊಂಡು ಜೋಡಣೆಯನ್ನು ಬಿಡುವುದೇ ಸುಧಾರಣೆಯ ಕೆಲಸ.

ಸಮಾಜವು ಅತ್ಯಂತ ಗೌರವದಿಂದ ಕಾಣುವ ಸಿ.ಎ. ವೃತ್ತಿಯನ್ನೇ ನೋಡಬಹುದು. ಹನ್ನೆರಡನೆಯ ತರಗತಿಯ ಬಳಿಕ ಫೌಂಡೇಶನ್ ಪರೀಕ್ಷೆಯ ಮೂಲಕ ಹೋಗುವವರಿಗೆ ಕಾಲೇಜಿನ ಪದವಿ ಕಡ್ಡಾಯವಲ್ಲ. ಕಡ್ಡಾಯವಾದುದು ಆರ್ಟಿಕಲ್‌ಶಿಪ್: ಅನುಭವಿ ಲೆಕ್ಕಪರಿಶೋಧಕರ ಕೈಕೆಳಗೆ ಹಿಂದೆ ಮೂರು ವರ್ಷ, 2023ರ ಹೊಸ ಪದ್ಧತಿಯಲ್ಲಿ ಎರಡು ವರ್ಷ, ಅಲ್ಪ ಭತ್ಯೆಗೆ ವೋಚರುಗಳನ್ನು ತಿರುವಿಹಾಕುತ್ತಾ ಕಲಿಯುವುದು. ಗುರುವಿನ ಪಕ್ಕದಲ್ಲಿ ಕುಳಿತು ಕೆಲಸ ಮಾಡುತ್ತಲೇ ಕೆಲಸ ಕಲಿಯುವುದಕ್ಕೆ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಎಂದು ಹೆಸರು. ಪೆರಂಬೂರಿನಲ್ಲಿ 1955ರಲ್ಲಿ ಆರಂಭವಾದ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯಲ್ಲಿ ಬೆಸುಗೆ ಕಲಿಯುವ ತರುಣನೂ ಆಡಿಟ್ ಕಚೇರಿಯ ತರುಣನೂ ಕಲಿಕೆಯ ಕ್ರಮದಲ್ಲಿ ಅಣ್ಣತಮ್ಮಂದಿರು.

ಲೆಕ್ಕವನ್ನೂ ಒಮ್ಮೆ ಹಾಕಬೇಕು. ಉದಾಹರಣೆಗೆ, ಪದವಿಗಾಗಿ ಮಾಡಿದ ಸಾಲ 8 ಲಕ್ಷ ರೂಪಾಯಿ, ಬಡ್ಡಿ ಶೇ. 10, ಅವಧಿ 7 ವರ್ಷ ಎಂದಿಟ್ಟುಕೊಂಡರೆ ಮಾಸಿಕ ಕಂತು ಸುಮಾರು 13,280 ರೂಪಾಯಿ. ತೀರಿಸುವ ಒಟ್ಟು ಮೊತ್ತ 11 ಲಕ್ಷಕ್ಕೂ ಮೇಲೆ. ಓದುವ ವರ್ಷಗಳಲ್ಲಿ ಬೆಳೆದ ಬಡ್ಡಿ ಇದರಲ್ಲಿ ಸೇರಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 80ಇ ನೀಡಿದ ವಿನಾಯಿತಿ ಬಡ್ಡಿಗೆ ಮಾತ್ರ, ಅದೂ ಗರಿಷ್ಠ 8 ವರ್ಷ, ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ಇಪ್ಪತ್ತು ಸಾವಿರ ಸಂಬಳದಲ್ಲಿ ಕೆಲಸಕ್ಕೆ ಸೇರುವ ಪದವೀಧರನಿಗೆ ಈ ಕಂತು ಕಟ್ಟಿದ ಮೇಲೆ ಉಳಿಯುವುದೆಷ್ಟು ಎಂಬುದನ್ನು ಪ್ರವೇಶ ಪಡೆಯುವ ಮೊದಲೇ ಕಾಗದದ ಮೇಲೆ ಬರೆದು ನೋಡಬೇಕು.

ಕಸುಬಿನ ಪುಟದಲ್ಲಿಯೂ ಖರ್ಚಿನ ಕಲಂ ಇದೆ. ಫಿಟ್ಟರ್ ಅಥವಾ ಎಲೆಕ್ಟ್ರಿಷಿಯನ್ ಐಟಿಐ ತರಬೇತಿ ಎರಡು ವರ್ಷ. ಸರ್ಕಾರಿ ಸಂಸ್ಥೆಗಳಲ್ಲಿ ಶುಲ್ಕ ಅತ್ಯಲ್ಪ. ಬಳಿಕ ಅಪ್ರೆಂಟಿಸ್ ಆದವರಿಗೆ 2019ರ ನಿಯಮಗಳು ಗೊತ್ತುಪಡಿಸಿದ ಕನಿಷ್ಠ ಭತ್ಯೆ ತಿಂಗಳಿಗೆ 7,000 ರೂಪಾಯಿ. ಚೆನ್ನೈನಲ್ಲಿ ಅದು ಜೀವನಕ್ಕೆ ಸಾಲದು. ಆಮೇಲೂ ಗುತ್ತಿಗೆ ಕೆಲಸದ ಅಭದ್ರತೆ, ದೇಹದ ದಣಿವು, ಅಪಘಾತದ ಭಯ ಇದ್ದೇ ಇವೆ. ಇವನ್ನು ಮುಚ್ಚಿಟ್ಟು ಕಸುಬನ್ನು ಹೊಗಳುವುದು ಮಕ್ಕಳಿಗೆ ಮಾಡುವ ವಂಚನೆ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ದೇಶದ ಒಟ್ಟು ದಾಖಲಾತಿ ಪ್ರಮಾಣ ಶೇ. 28.4 ಇದ್ದಾಗ ತಮಿಳುನಾಡಿನದು ಶೇ. 47. ತಲೆಮಾರುಗಳ ಕಾಲ ಕಾಲೇಜಿನ ಮೆಟ್ಟಿಲು ಕಾಣದ ಮನೆಗಳ ಹೆಣ್ಣುಮಕ್ಕಳೂ ಅದರಲ್ಲಿದ್ದಾರೆ. ಅವರಿಗೆ ಯಾರೂ "ಕಾಲೇಜು ಬೇಡ" ಎಂದು ಉಪದೇಶಿಸಬಾರದು.

ಅದೃಷ್ಟವಶಾತ್ ಎರಡು ದಾರಿಗಳ ನಡುವೆ ಇಂದು ಸೇತುವೆಗಳಿವೆ. ಐಟಿಐ ಮುಗಿಸಿದವರು ಪಾಲಿಟೆಕ್ನಿಕ್‌ನ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಪಡೆದವರು ಬಿ.ಇ.ಯ ಎರಡನೆಯ ವರ್ಷಕ್ಕೂ ನೇರವಾಗಿ ಸೇರಬಹುದು. ತಮಿಳುನಾಡಿನ ಪುದುಮೈ ಪೆಣ್ ಮತ್ತು ತಮಿಳ್ ಪುದಲ್ವನ್ ಯೋಜನೆಗಳ ಮಾಸಿಕ 1,000 ರೂಪಾಯಿ ಪದವಿಗೆ ಮಾತ್ರವಲ್ಲ, ಡಿಪ್ಲೊಮಾ, ಐಟಿಐಗಳಿಗೂ ದೊರೆಯುತ್ತದೆ. ಸರ್ಕಾರ ಒಂದೇ ಸಾಲಿನಲ್ಲಿ ನಿಲ್ಲಿಸಿದ ಈ ವಿದ್ಯೆಗಳನ್ನು ಸಮಾಜದ ವಿದ್ಯಾನಿಧಿಗಳು ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸುವುದೇಕೆ?

ಆದುದರಿಂದ ಈ ಸಭೆಯ ಮುಂದೆ ಮೂರು ಸಲಹೆಗಳು. ಮೊದಲನೆಯದು: ವಿದ್ಯಾರ್ಥಿವೇತನದ ಅರ್ಜಿ ನಮೂನೆಯಲ್ಲಿ 'ಪದವಿ' ಎಂಬ ಮಾತಿದ್ದಲ್ಲಿ 'ಪದವಿ, ಡಿಪ್ಲೊಮಾ, ಐಟಿಐ ಅಥವಾ ಅಪ್ರೆಂಟಿಸ್' ಎಂದು ತಿದ್ದಬೇಕು, ಪುಸ್ತಕಕ್ಕೆ ಕೊಡುವಂತೆ ಉಪಕರಣಗಳ ಪೆಟ್ಟಿಗೆಗೂ ಹಣ ಕೊಡಬೇಕು. ಎರಡನೆಯದು: ಕಸುಬು ಆರಿಸಿಕೊಂಡವರಿಗೆ ಬಿಲ್ಲು ಬರೆಯುವುದು, ಲೆಕ್ಕ ಇಡುವುದು, ಉದ್ಯಮ್ ನೋಂದಣಿ, ತೆರಿಗೆ ವಿವರಣೆ ಸಲ್ಲಿಸುವುದು ಇವನ್ನು ಸಮಾಜದ ಲೆಕ್ಕಪರಿಶೋಧಕರು ಉಚಿತವಾಗಿ ಕಲಿಸಬೇಕು. ಲೆಕ್ಕವಿಲ್ಲದ ಕುಶಲಿ ಬ್ಯಾಂಕಿನ ಬಾಗಿಲಲ್ಲಿ ನಿಂತೇ ಇರುತ್ತಾನೆ. ಮೂರನೆಯದು ಎಲ್ಲಕ್ಕಿಂತ ಕಠಿಣ: ವಧೂವರರ ಪರಿಚಯ ಪತ್ರದಲ್ಲಿ ಗಂಡಿನ ವಿದ್ಯೆ ಐಟಿಐ ಎಂದಿರುವುದನ್ನು ಕಂಡು ಕಾಗದವನ್ನು ಮಡಿಸಿಡುವ ಅಭ್ಯಾಸವನ್ನು ಬಿಡಬೇಕು. ತಂದೆತಾಯಂದಿರ ಭಯದ ಬೇರು ಅನೇಕ ವೇಳೆ ಅಲ್ಲಿಯೇ ಇದೆ.

ಕಾಲೇಜಿಗೆ ಹೋಗುವವರು ಹೋಗಲಿ, ಕಸುಬಿಗೆ ಹೋಗುವವರು ಹೋಗಲಿ. ಹೋಗುವವರು ತಾವೇ ಆರಿಸಿಕೊಂಡಿರಲಿ, ಮರಳುವ ದಾರಿ ತೆರೆದಿರಲಿ. ಮುಂದಿನ ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ "ಐಟಿಐಗೆ ಸೇರಿಸಿಬಿಡುತ್ತೇನೆ" ಎಂಬ ಬೆದರಿಕೆಯ ಬದಲು "ನಿನಗೆ ಯಾವುದರಲ್ಲಿ ಮನಸ್ಸಿದೆ, ಮಗು?" ಎಂಬ ಪ್ರಶ್ನೆ ಒಂದು ಮನೆಯಲ್ಲಿ ಕೇಳಿಬಂದರೂ ಇಂದಿನ ಸಭೆ ಸಾರ್ಥಕ.