ನಿದ್ದೆಯಿಂದ ಶುರುವಾಗುವ ಮನಸ್ಸಿನ ಪಾಠ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ನಮಗೆಲ್ಲ ಗೊತ್ತು. ಮನಸ್ಸು ನೆಮ್ಮದಿಯಾಗಿದ್ದರೆ ನಿದ್ದೆ ತಾನಾಗಿ ಬರುತ್ತದೆ ಅನ್ನುತ್ತದೆ ಗಾದೆ. ಅದನ್ನೇ ತಿರುಗಿಸಿ ಕೇಳಿ ನೋಡೋಣ: ನಿದ್ದೆ ಕೆಟ್ಟರೆ ಮನಸ್ಸು ಏನಾಗುತ್ತದೆ? ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, ಅಂದರೆ ಮೆಲ್ಬರ್ನ್ ನಗರವಿರುವ ರಾಜ್ಯದಲ್ಲಿ, ಹನ್ನೆರಡನೇ ತರಗತಿಯಲ್ಲಿ ಮನಃಶಾಸ್ತ್ರ ತೆಗೆದುಕೊಂಡ ಮಕ್ಕಳು ಅರ್ಧ ವರ್ಷ ಈ ಎರಡು ಸಂಗತಿಗಳನ್ನು ಜೊತೆಯಲ್ಲೇ ಓದುತ್ತಾರೆ. ಇವತ್ತಿನ ಮಾತು ಆ ಪಾಠದ ಬಗ್ಗೆ.

ವಿಕ್ಟೋರಿಯಾದಲ್ಲಿ 11 ಮತ್ತು 12ನೇ ತರಗತಿಗಳ ಓದಿಗೆ ವಿಸಿಇ ಎನ್ನುತ್ತಾರೆ. ವಿಕ್ಟೋರಿಯನ್ ಸರ್ಟಿಫಿಕೇಟ್ ಆಫ್ ಎಜುಕೇಷನ್ ಎಂಬುದರ ಚಿಕ್ಕ ರೂಪ ಅದು. ನಮ್ಮ ಪಿಯುಸಿಯ ಹಾಗೆ ಎರಡು ವರ್ಷ, ಒಂದೊಂದು ವಿಷಯಕ್ಕೆ ನಾಲ್ಕು ಘಟಕ. 2023ರಿಂದ ಜಾರಿಯಲ್ಲಿರುವ ಮನಃಶಾಸ್ತ್ರದ ಪಠ್ಯಕ್ರಮದಲ್ಲಿ ಕೊನೆಯ ಘಟಕ ಪೂರ್ತಿಯಾಗಿ ಮಾನಸಿಕ ಸ್ವಾಸ್ಥ್ಯಕ್ಕೆ ಮೀಸಲು. ಅದರ ಮೊದಲ ಭಾಗ ನಿದ್ದೆ. ಎರಡನೆಯದು ಮಾನಸಿಕ ಸ್ವಾಸ್ಥ್ಯ. ಮೂರನೆಯದು, ವಿದ್ಯಾರ್ಥಿ ತಾನೇ ಯೋಜಿಸಿ ನಡೆಸುವ ಪುಟ್ಟ ಸಂಶೋಧನೆ.

ನಿದ್ದೆಯನ್ನು ಮೊದಲಿಗೆ ಇಟ್ಟಿರುವುದರಲ್ಲಿ ಒಂದು ಜಾಣತನವಿದೆ ಎಂದು ನನ್ನ ಭಾವನೆ. ಹದಿನೇಳು ವರ್ಷದ ಹುಡುಗನನ್ನು ನಿಲ್ಲಿಸಿಕೊಂಡು "ನಿನ್ನ ಮನಸ್ಸು ಹೇಗಿದೆಯಪ್ಪಾ" ಎಂದರೆ, "ಚೆನ್ನಾಗಿದೆ" ಎಂದು ಜಾರಿಕೊಳ್ಳುತ್ತಾನೆ. "ನಿನ್ನೆ ಎಷ್ಟು ಗಂಟೆಗೆ ಮಲಗಿದೆ" ಎಂದು ಕೇಳಿ, ನಿಜವಾದ ಉತ್ತರ ಸಿಗುತ್ತದೆ. ಮನಸ್ಸಿನ ತೊಂದರೆಗೆ ಅಂಟಿಕೊಂಡಿರುವ ನಾಚಿಕೆ ನಿದ್ದೆಗೆ ಅಂಟಿಕೊಂಡಿಲ್ಲ. ಅದನ್ನು ಅಳೆಯಬಹುದು, ಬರೆದಿಡಬಹುದು, ನಾಲ್ಕು ಜನರ ಎದುರು ಮಾತಾಡಬಹುದು.

ಅಳೆಯುವುದು ಹೇಗೆ? ಪಾಠ ಶುರುವಾಗುವುದೇ ಅಲ್ಲಿಂದ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದರು. ಅದೇ ಇಇಜಿ. ಅದರ ಜೊತೆಗೆ ಸ್ನಾಯುಗಳ ಬಿಗಿತ ಅಳೆಯುವ ಇಎಂಜಿ, ಕಣ್ಣಿನ ಚಲನೆ ಅಳೆಯುವ ಇಒಜಿ. ಮೂರನ್ನೂ ಒಟ್ಟಿಗೆ ನೋಡಿದರೆ, ಮಲಗಿದವರು ನಿದ್ದೆಯ ಯಾವ ಹಂತದಲ್ಲಿದ್ದಾರೆಂದು ತಿಳಿಯುತ್ತದೆ. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದರು. ನಿದ್ದೆಯ ನಡುನಡುವೆ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಸರಸರನೆ ಓಡಾಡುತ್ತವೆ. ಆಗ ಎಬ್ಬಿಸಿದರೆ ಬಹುತೇಕರು ಕನಸು ಹೇಳುತ್ತಾರೆ. ಇದನ್ನು ರೆಮ್ ನಿದ್ದೆ ಎಂದು ಕರೆದರು. ಅಸೆರಿನ್‌ಸ್ಕಿ ತಮ್ಮ ಯಂತ್ರವನ್ನು ಮೊದಮೊದಲು ಪರೀಕ್ಷಿಸಿದ್ದು ತಮ್ಮ ಎಂಟು ವರ್ಷದ ಮಗನ ಮೇಲೆ.

ದೊಡ್ಡವರ ನಿದ್ದೆಯಲ್ಲಿ ಸುಮಾರು 90 ನಿಮಿಷಕ್ಕೊಂದು ಸುತ್ತು. ರಾತ್ರಿಯ ಮೊದಲರ್ಧದಲ್ಲಿ ಗಾಢ ನಿದ್ದೆ ಹೆಚ್ಚು, ಬೆಳಗಿನ ಜಾವದ ಹೊತ್ತಿಗೆ ರೆಮ್ ಹೆಚ್ಚು. ಒಟ್ಟು ನಿದ್ದೆಯಲ್ಲಿ ರೆಮ್‌ನ ಪಾಲು ಹೆಚ್ಚುಕಡಿಮೆ ಐದರಲ್ಲಿ ಒಂದು. ಹುಟ್ಟಿದ ಕೂಸಿನಲ್ಲಾದರೆ ಅದು ಅರ್ಧದಷ್ಟು. ಹಾಗಾಗಿ ನಾಲ್ಕು ಗಂಟೆಗೆ ಅಲಾರಂ ಇಟ್ಟುಕೊಂಡು ಏಳುವ ವಿದ್ಯಾರ್ಥಿ ಕಳೆದುಕೊಳ್ಳುವುದು ಎರಡು ಗಂಟೆಯ ನಿದ್ದೆ ಮಾತ್ರವಲ್ಲ, ರೆಮ್‌ನ ದೊಡ್ಡ ಪಾಲು ಕೂಡ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವ ಕೆಲಸ ನಾವು ಮಲಗಿರುವಾಗಲೂ ನಡೆಯುತ್ತದೆ.

ನಿದ್ದೆಗೆಟ್ಟರೆ ಆಗುವುದೇನು ಎಂಬುದನ್ನು ಈ ಪಾಠ ಮೂರು ವಿಭಾಗ ಮಾಡಿ ಹೇಳುತ್ತದೆ: ಭಾವ, ನಡತೆ, ಬುದ್ಧಿ. ಸಣ್ಣ ಮಾತಿಗೂ ಸಿಡುಕುವುದು ಭಾವದ ಕಡೆಯದು. ಕೈತಪ್ಪುವುದು, ತೂಕಡಿಸುವುದು, ಅಪಾಯಕ್ಕೆ ಕೈಹಾಕುವುದು ನಡತೆಯ ಕಡೆಯದು. ಗಮನ ನಿಲ್ಲದಿರುವುದು, ಓದಿದ ಸಾಲನ್ನೇ ಮತ್ತೆ ಓದುವುದು ಬುದ್ಧಿಯ ಕಡೆಯದು. ಮನೆಯಲ್ಲಿ "ಇತ್ತೀಚೆಗೆ ಇವನಿಗೆ ಸೊಕ್ಕು ಜಾಸ್ತಿಯಾಗಿದೆ" ಎಂದು ಬೈಸಿಕೊಳ್ಳುವ ಎಷ್ಟೋ ಮಕ್ಕಳಿಗೆ ಬೇಕಾಗಿರುವುದು ಬೈಗುಳವಲ್ಲ, ಒಂದು ವಾರದ ಸರಿಯಾದ ನಿದ್ದೆ.

ಇನ್ನು ಈ ಪಾಠದಲ್ಲಿ ಮಕ್ಕಳ ಮನಸ್ಸಿಗೆ ನಾಟಬಲ್ಲ ಹೋಲಿಕೆಯೊಂದಿದೆ. 1997ರಲ್ಲಿ ಡ್ರೂ ಡಾಸನ್ ಮತ್ತು ಕ್ಯಾತರಿನ್ ರೀಡ್ ಎಂಬ ಆಸ್ಟ್ರೇಲಿಯಾದ ಸಂಶೋಧಕರು 'ನೇಚರ್' ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಒಂದೇ ಗುಂಪಿನ ಜನರನ್ನು ಒಮ್ಮೆ ನಿದ್ದೆಯಿಲ್ಲದೆ ಇರಿಸಿದರು, ಇನ್ನೊಮ್ಮೆ ಅಳತೆ ಮಾಡಿ ಮದ್ಯ ಕುಡಿಸಿದರು. ಎರಡು ಸಲವೂ ಕಣ್ಣು-ಕೈಗಳ ಹೊಂದಾಣಿಕೆಯ ಒಂದೇ ಪರೀಕ್ಷೆ. 17 ಗಂಟೆ ಎಚ್ಚರವಿದ್ದವರ ಸಾಮರ್ಥ್ಯ, ರಕ್ತದಲ್ಲಿ ಶೇ 0.05 ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆ ಎಚ್ಚರವಿದ್ದವರದು ಸುಮಾರು ಶೇ 0.10ರ ಮಟ್ಟಕ್ಕೆ. ಆಸ್ಟ್ರೇಲಿಯಾದಲ್ಲಿ ವಾಹನ ಓಡಿಸುವ ಸಾಮಾನ್ಯ ಮಿತಿ ಶೇ 0.05. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ ಇನ್ನೂ ಬಿಗಿ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ, ಅಂದರೆ ಶೇ 0.03. ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ 6ಕ್ಕೆ ಎದ್ದವರಿಗೆ 17 ಗಂಟೆ ತುಂಬುವುದು ರಾತ್ರಿ 11ಕ್ಕೆ. ವಿಕ್ಟೋರಿಯಾದಲ್ಲಿ 18 ತುಂಬಿದವರಿಗೆ ಸಿಗುವ ಪ್ರೊಬೇಷನರಿ ಲೈಸೆನ್ಸ್‌ನಲ್ಲಿ ಮದ್ಯದ ಮಿತಿ ಸೊನ್ನೆ. ಪರೀಕ್ಷೆಗೆ ಓದುವ ವಯಸ್ಸೂ ಸ್ಟೀರಿಂಗ್ ಹಿಡಿಯುವ ವಯಸ್ಸೂ ಒಂದೇ ಆಗಿರುವಾಗ ಈ ಪಾಠ ಕೇವಲ ಅಂಕಕ್ಕಾಗಿ ಉಳಿಯುವುದಿಲ್ಲ.

ಕೇಳುಗರಲ್ಲಿ ತಂದೆತಾಯಿಯರು ಕೇಳಬಹುದು: ಹಾಗಾದರೆ ಬೇಗ ಮಲಗಬಾರದೇ ಈ ಮಕ್ಕಳು? ಅವರದೇ ತಪ್ಪು ಎನ್ನುವ ಮುಂಚೆ ದೇಹದೊಳಗಿನ ಗಡಿಯಾರದ ಬಗ್ಗೆ ತಿಳಿಯಬೇಕು. ಮಿದುಳಿನ ಹೈಪೊಥಲಾಮಸ್‌ನಲ್ಲಿ ಪುಟ್ಟದೊಂದು ನರಕೋಶಗಳ ಗುಂಪಿದೆ. ಕಣ್ಣಿಗೆ ಬೀಳುವ ಬೆಳಕು ಕುಗ್ಗಿದಂತೆ ಅದು ಪೀನಿಯಲ್ ಗ್ರಂಥಿಗೆ ಸೂಚನೆ ಕಳಿಸುತ್ತದೆ, ಮೆಲಟೋನಿನ್ ಎಂಬ ಹಾರ್ಮೋನು ಒಸರುತ್ತದೆ, ನಿದ್ದೆ ಹತ್ತುತ್ತದೆ. ಹರೆಯದಲ್ಲಿ ಈ ಇಡೀ ಕ್ರಿಯೆ ಒಂದರಿಂದ ಎರಡು ಗಂಟೆ ತಡವಾಗುತ್ತದೆ. ರಾತ್ರಿ 10ಕ್ಕೆ ಮಲಗು ಎಂದರೆ ಹುಡುಗಿ ಮಲಗುತ್ತಾಳೆ, ನಿದ್ದೆ ಬರುವುದಿಲ್ಲ. ಇದಕ್ಕೆ ಮೊಬೈಲ್ ಪರದೆಯ ನೀಲಿ ಬೆಳಕು ಸೇರಿದರೆ ಇನ್ನಷ್ಟು ತಡ. ಆದರೆ ಶಾಲೆಯ ಗಂಟೆ ತಡವಾಗಿ ಹೊಡೆಯುವುದಿಲ್ಲ. ಈ ವಯಸ್ಸಿಗೆ ಬೇಕಾದ ನಿದ್ದೆ 8ರಿಂದ 10 ಗಂಟೆ. ಎರಡೂ ತುದಿಯಲ್ಲಿ ಕತ್ತರಿ ಬಿದ್ದರೆ ಅದು ದಕ್ಕುವುದೆಲ್ಲಿ? ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ, ಪ್ರೌಢಶಾಲೆಗಳು ಬೆಳಿಗ್ಗೆ 8.30ಕ್ಕಿಂತ ಮೊದಲು ಶುರುವಾಗಬಾರದೆಂದು ಶಿಫಾರಸು ಮಾಡಿತು. ಕ್ಯಾಲಿಫೋರ್ನಿಯಾ ಅದನ್ನು 2022ರಿಂದ ಕಾನೂನಾಗಿಯೇ ಜಾರಿಗೆ ತಂದಿತು. ವಿಕ್ಟೋರಿಯಾದ ಪಾಠ ಕಾನೂನಿನ ತನಕ ಹೋಗುವುದಿಲ್ಲ. ಬೆಳಗಿನ ಬಿಸಿಲಿಗೆ ಮೈಯೊಡ್ಡುವುದು, ರಾತ್ರಿ ಪರದೆ ಆರಿಸುವುದು, ಕೋಣೆಯನ್ನು ತಂಪಾಗಿಡುವುದು, ಊಟ ಮತ್ತು ಕಾಫಿಯ ಹೊತ್ತು ಗಮನಿಸುವುದು ಇಂಥ ಉಪಾಯಗಳನ್ನೂ ಅವುಗಳ ಹಿಂದಿನ ಕಾರಣವನ್ನೂ ಕಲಿಸುತ್ತದೆ.

ಈಗ ಎರಡನೆಯ ಭಾಗಕ್ಕೆ ಬರೋಣ. ಮಾನಸಿಕ ಸ್ವಾಸ್ಥ್ಯ ಎಂಬುದು ಪಾಸು-ಫೇಲಿನ ಲೆಕ್ಕವಲ್ಲ, ಅದೊಂದು ಉದ್ದನೆಯ ಅಳತೆಪಟ್ಟಿ. ಮನುಷ್ಯ ಅದರ ಮೇಲೆ ಅತ್ತಿತ್ತ ಸರಿಯುತ್ತಲೇ ಇರುತ್ತಾನೆ ಎಂಬುದು ಇಲ್ಲಿನ ಮೊದಲ ಮಾತು. ಒತ್ತಡ ಬೇರೆ, ಆತಂಕ ಬೇರೆ, ಫೋಬಿಯಾ ಎಂಬ ಅತಿಭಯ ಬೇರೆ. ಪರೀಕ್ಷೆಯ ಹಿಂದಿನ ದಿನ ಹೊಟ್ಟೆ ತೊಳಸಿದರೆ ಅದು ಕಾಯಿಲೆಯಲ್ಲ. ಫೋಬಿಯಾವನ್ನು ಮಾತ್ರ ಬಿಡಿಸಿ ಓದುತ್ತಾರೆ. ನಾಯಿಯಿಂದ ಕಚ್ಚಿಸಿಕೊಂಡ ಮಗುವನ್ನೇ ನೋಡಿ. ಕಚ್ಚಿದ ನೋವು ಮತ್ತು ನಾಯಿಯ ರೂಪ ಮನಸ್ಸಿನಲ್ಲಿ ಬೆಸೆದುಕೊಂಡು ಭಯ ಹುಟ್ಟುತ್ತದೆ. ಆಮೇಲೆ ನಾಯಿ ಕಂಡಾಗಲೆಲ್ಲ ರಸ್ತೆ ದಾಟಿದರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆ ಹಾಯೆನಿಸುವಿಕೆಯೇ ಭಯವನ್ನು ವರ್ಷಗಟ್ಟಲೆ ಸಾಕುತ್ತದೆ. ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಕೊರತೆ, ಕೆಟ್ಟದ್ದನ್ನೇ ಊಹಿಸುವ ಯೋಚನೆಯ ಚಾಳಿ, ಸುತ್ತಲಿನವರ ಕುಹಕ ಇವೂ ಕೈಜೋಡಿಸುತ್ತವೆ. ಪರಿಹಾರವೂ ಅಷ್ಟೇ ಬಗೆಯದು: ವೈದ್ಯರು ಕೊಡುವ ಔಷಧಿ, ಉಸಿರಾಟದ ಅಭ್ಯಾಸ, ಯೋಚನೆಯನ್ನು ತಿದ್ದುವ ಚಿಕಿತ್ಸೆ, ಭಯದ ವಸ್ತುವಿನ ಹತ್ತಿರ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು. ಮನೆಯವರಿಗೂ ಒಂದು ಪಾಠವಿದೆ. ಪ್ರೀತಿಯಿಂದ "ಆ ಕಡೆ ಹೋಗಲೇಬೇಡ ಬಿಡು" ಎನ್ನುವುದು ಸಹಾಯವಲ್ಲ. ತಪ್ಪಿಸಿಕೊಳ್ಳುವುದಕ್ಕೆ ಅದೇ ಕುಮ್ಮಕ್ಕು.

ಇದೇ ಭಾಗದಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ದೃಷ್ಟಿಗೂ ಜಾಗ ಕೊಟ್ಟಿದ್ದಾರೆ. ಅವರ ಪ್ರಕಾರ ಸ್ವಾಸ್ಥ್ಯ ಒಬ್ಬನ ತಲೆಯೊಳಗಿನ ಸಂಗತಿಯಲ್ಲ. ದೇಹ, ಮನಸ್ಸು ಮತ್ತು ಭಾವನೆ, ಕುಟುಂಬ ಮತ್ತು ಬಂಧುತ್ವ, ಸಮುದಾಯ, ಸಂಸ್ಕೃತಿ, ನೆಲ, ಪೂರ್ವಿಕರು ಮತ್ತು ಅಧ್ಯಾತ್ಮ ಎಂಬ ಏಳು ನಂಟುಗಳು ಗಟ್ಟಿಯಾಗಿದ್ದರೆ ಮನುಷ್ಯ ಸ್ವಸ್ಥ. ನೆಲ ಕಿತ್ತುಕೊಂಡ ಸಮುದಾಯದ ಮಕ್ಕಳ ದುಃಖವನ್ನು ಮಿದುಳಿನ ರಾಸಾಯನಿಕವೊಂದರಿಂದಲೇ ವಿವರಿಸಲಾಗದು ಎಂಬ ತಿಳಿವು ಹದಿನೇಳನೇ ವಯಸ್ಸಿಗೇ ಸಿಗುವುದು ದೊಡ್ಡ ಮಾತು.

ಕೊನೆಯದು ಸಂಶೋಧನೆ. ವಿದ್ಯಾರ್ಥಿ ಒಂದು ಪ್ರಶ್ನೆ ಆರಿಸಿಕೊಂಡು, ಮಾಹಿತಿ ಕಲೆಹಾಕಿ, ಫಲಿತಾಂಶವನ್ನು ಒಂದು ಪೋಸ್ಟರ್‌ನಲ್ಲಿ ಮಂಡಿಸಬೇಕು. ಇಲ್ಲಿ ಹಳೆಯ ಕಥೆಯೊಂದನ್ನು ಹೇಳಬೇಕು. 1963ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ರ‍್ಯಾಂಡಿ ಗಾರ್ಡ್‌ನರ್ ಎಂಬ 17 ವರ್ಷದ ಹುಡುಗ, ಶಾಲೆಯ ವಿಜ್ಞಾನ ಮೇಳಕ್ಕೆಂದು ನಿದ್ದೆ ಬಿಟ್ಟ. 264 ಗಂಟೆ, ಅಂದರೆ 11 ದಿನ ಎಚ್ಚರವಿದ್ದ. ನಿದ್ದೆಯ ತಜ್ಞ ವಿಲಿಯಂ ಡಿಮೆಂಟ್ ಹತ್ತಿರದಲ್ಲೇ ಇದ್ದು ಗಮನಿಸಿದರು. ಹುಡುಗನಿಗೆ ಸಿಡುಕು, ಮರೆವು, ಇಲ್ಲದ್ದು ಕಂಡಂತಾಗುವುದು ಎಲ್ಲವೂ ಆಯಿತು. ದಶಕಗಳ ನಂತರ, ವಯಸ್ಸಾದ ಮೇಲೆ, ತಮ್ಮನ್ನು ತೀವ್ರ ನಿದ್ರಾಹೀನತೆ ಕಾಡಿತೆಂದು ಅವರೇ ಹೇಳಿಕೊಂಡರು. ಅಪಾಯದ ಕಾರಣಕ್ಕೆ ಗಿನ್ನೆಸ್ ಸಂಸ್ಥೆ ಈ ಬಗೆಯ ದಾಖಲೆಗಳನ್ನು ಪರಿಗಣಿಸುವುದನ್ನೇ ನಿಲ್ಲಿಸಿತು. ಇವತ್ತು ಮೆಲ್ಬರ್ನಿನ ಯಾವ ಅಧ್ಯಾಪಕರೂ ಅಂಥ ಪ್ರಯೋಗಕ್ಕೆ ಒಪ್ಪುವಂತಿಲ್ಲ. ಭಾಗವಹಿಸುವವರ ತಿಳಿವಳಿಕೆಯ ಒಪ್ಪಿಗೆ ಬೇಕು, ಹೆಸರು ಗುಟ್ಟಾಗಿರಬೇಕು, ಬೇಡವೆನಿಸಿದಾಗ ಹಿಂದೆ ಸರಿಯುವ ಹಕ್ಕಿರಬೇಕು, ಹಾನಿಯಾಗಬಾರದು.

ಹಾಗಾಗಿ ಮಕ್ಕಳಿಗೆ ಒದಗುವ ಸಾಧನ ಸರಳವಾದದ್ದು: ನಿದ್ದೆಯ ದಿನಚರಿ. ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ನಡುವೆ ಎಚ್ಚರವಾಯಿತೇ, ಕಾಫಿ ಕುಡಿದದ್ದು ಯಾವಾಗ, ಹಗಲು ಮನಸ್ಸು ಹೇಗಿತ್ತು. ಕಡಿಮೆ ಮಲಗಿದವರ ಮನಸ್ಸು ಕುಗ್ಗಿತ್ತು ಎಂದು ಕಂಡುಬಂತು ಎನ್ನಿ. ನಿದ್ದೆಯಿಲ್ಲದೆ ಮನಸ್ಸು ಕುಗ್ಗಿತೋ, ಮನಸ್ಸು ಕುಗ್ಗಿ ನಿದ್ದೆ ಹೋಯಿತೋ, ಇಲ್ಲ ಮನೆಯ ಜಗಳವೊಂದು ಎರಡನ್ನೂ ಕೆಡಿಸಿತೋ? ಎರಡು ಸಂಗತಿಗಳು ಜೊತೆಯಲ್ಲಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಈ ವಿವೇಕ ಬಂದವನು ವಾಟ್ಸ್ಆ್ಯಪ್‌ನಲ್ಲಿ ಬರುವ ಆರೋಗ್ಯ ಸಲಹೆಗಳನ್ನೂ ಎರಡು ಸಲ ಯೋಚಿಸಿ ಓದುತ್ತಾನೆ. ನಿದ್ದೆ-ಮನಸ್ಸುಗಳ ವಿಷಯದಲ್ಲಿ ಸಂಶೋಧಕರು ಒಪ್ಪುವುದು ಎರಡೂ ದಿಕ್ಕಿನ ಸಂಬಂಧವನ್ನು. ನಮ್ಮ ಗಾದೆ ಹೇಳಿದ್ದು ಅರ್ಧ ಸತ್ಯ.

ಈ ವಯಸ್ಸಿನವರಿಗೇ ಏಕೆ ಈ ಪಾಠ? ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಮುಕ್ಕಾಲು ಪಾಲು 25 ವರ್ಷ ತುಂಬುವ ಮುಂಚೆಯೇ ತಲೆದೋರುತ್ತವೆ. ಆ ಕಾರಣಕ್ಕೇ ಆಸ್ಟ್ರೇಲಿಯಾದಲ್ಲಿ 2006ರಲ್ಲಿ 12ರಿಂದ 25 ವರ್ಷದವರಿಗೆಂದು ಹೆಡ್‌ಸ್ಪೇಸ್ ಎಂಬ ಸಂಸ್ಥೆ ಹುಟ್ಟಿತು. ನಮ್ಮಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇರುವುದು ಕಂಡುಬಂತು. ನಮ್ಮ ಪಿಯುಸಿಯಲ್ಲಿ ಮನಃಶಾಸ್ತ್ರ ಐಚ್ಛಿಕ ವಿಷಯ. ವಿಜ್ಞಾನ, ವಾಣಿಜ್ಯ ಓದುವ ಬಹುತೇಕರ ಕೈಗೆ ಅದು ಸಿಗುವುದಿಲ್ಲ. ಆದರೆ ನಿದ್ದೆಯ ದಿನಚರಿ ಬರೆಯಲು ಮನಃಶಾಸ್ತ್ರವನ್ನೇ ತೆಗೆದುಕೊಳ್ಳಬೇಕಿಲ್ಲ, ಒಂದು ನೋಟ್‌ಬುಕ್ ಸಾಕು. ಜೀವಶಾಸ್ತ್ರದ ಅಧ್ಯಾಪಕರೋ ತರಗತಿಯ ಮೇಲ್ವಿಚಾರಕರೋ ಮನಸ್ಸು ಮಾಡಿದರೆ ಒಂದು ವಾರದಲ್ಲಿ ಆಗುವ ಕೆಲಸ ಅದು.

ಎರಡು ವಾರಕ್ಕೂ ಮೀರಿ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸು ನಿಲ್ಲದೆ ಹೋದರೆ ದಿನಚರಿ ಬರೆಯುತ್ತಾ ಕೂರಬೇಡಿ, ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಪರೀಕ್ಷೆಯ ಹೊತ್ತಿನ ವೇಳಾಪಟ್ಟಿ ಹಾಕುವ ತಂದೆತಾಯಿಯರಲ್ಲಿ ನನ್ನದೊಂದು ಬಿನ್ನಹ: ಮೊದಲು ನಿದ್ದೆಯ 8 ಗಂಟೆ ಬರೆದಿಡಿ, ಉಳಿದ 16ರಲ್ಲಿ ಓದಿಗೆ ಜಾಗ ಹುಡುಕಿ.