ಗಾಯ, ಬಿಲ್ಲು ಮತ್ತು ಲಜ್ಜೆ



ಅಮೆರಿಕದಲ್ಲಿ ಆರೋಗ್ಯ ವಿಮೆಯಿಲ್ಲದ ವ್ಯಕ್ತಿಯೊಬ್ಬ ಹಿಮಗಟ್ಟಿದ ಮೆಟ್ಟಿಲ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡನೆಂದು ಭಾವಿಸಿ. ಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ ಆರರಿಂದ ಎಂಟು ವಾರ ಸಾಕು. ಬಿಲ್ಲುಗಳು ಬಂದು ಮುಗಿಯಲು ಅಷ್ಟು ಸಾಲದು. ಮೊದಲು ಆಸ್ಪತ್ರೆಯ ಬಿಲ್ಲು, ಅದರ ಹಿಂದೆಯೇ ತುರ್ತು ವಿಭಾಗದ ವೈದ್ಯರದು, ಎಕ್ಸ್‌ರೇ ಓದಿದ, ರೋಗಿ ಮುಖವನ್ನೇ ಕಾಣದ ತಜ್ಞರದು, ಆಂಬುಲೆನ್ಸ್ ಕಂಪನಿಯದು. ಒಂದೇ ಗಾಯಕ್ಕೆ ನಾಲ್ಕು ಲಕೋಟೆ, ನಾಲ್ಕು ವಿಳಾಸ, ನಾಲ್ಕು ಗಡುವು.

ಕನ್ನಡದ ಮನೆಗಳಲ್ಲಿ ಬೆಳೆದವರಿಗೆ ಸಾಲವೆಂಬುದು ಬರಿಯ ಹಣದ ಲೆಕ್ಕವಲ್ಲ. ಅದು ಋಣ, ತೀರಿಸದೆ ಸತ್ತರೆ ಕೊಟ್ಟವನ ಮನೆಯಲ್ಲಿ ಎತ್ತಾಗಿ ಹುಟ್ಟಿ ತೀರಿಸಬೇಕಾದದ್ದು ಎಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಮಾಯವಾಗಿಲ್ಲ. ಈ ಸಂಸ್ಕಾರ ಹೊತ್ತು ಬಂದವರು ಬಿಲ್ಲನ್ನು ಪ್ರಶ್ನಿಸುವುದಿಲ್ಲ. ಯಾರಿಗೂ ಹೇಳದೆ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟುತ್ತಾರೆ. ಅಥವಾ ಭಯಪಟ್ಟು ಲಕೋಟೆಯನ್ನೇ ಒಡೆಯದೆ ಎತ್ತಿಡುತ್ತಾರೆ. ಎರಡೂ ಅಪಾಯಕಾರಿ. ಮೊದಲನೆಯದು ಚೌಕಾಶಿಗೆ ಒಳಪಡಬಹುದಾಗಿದ್ದ ಬೇಡಿಕೆಯನ್ನು ಬಡ್ಡಿ ಬೆಳೆಯುವ ನಿಜವಾದ ಸಾಲವನ್ನಾಗಿ ಮಾಡುತ್ತದೆ; ಎರಡನೆಯದು ಕಾನೂನು ಕೊಟ್ಟ ಗಡುವುಗಳನ್ನು ಕೈತಪ್ಪಿಸುತ್ತದೆ. ಎರಡರ ಬೇರೂ ಲಜ್ಜೆಯೇ. ಈ ಲಜ್ಜೆಗೆ ಆಧಾರವಿಲ್ಲ ಎಂಬುದನ್ನು ತೋರಿಸುವುದೇ ಈ ಉಪನ್ಯಾಸದ ಉದ್ದೇಶ.

ಬಿಲ್ಲಿನ ಮೊತ್ತ ಹುಟ್ಟುವ ಬಗೆಯನ್ನು ಮೊದಲು ನೋಡಬೇಕು. ಪ್ರತಿ ಆಸ್ಪತ್ರೆಯಲ್ಲೂ ಚಾರ್ಜ್‌ಮಾಸ್ಟರ್ ಎಂಬ ದೊಡ್ಡ ದರಪಟ್ಟಿಯಿರುತ್ತದೆ. ಅದರಲ್ಲಿ ನಮೂದಾದ ದರವನ್ನು ವಿಮಾ ಕಂಪನಿಗಳು ಕೊಡುವುದಿಲ್ಲ. ಅವು ಒಪ್ಪಂದ ಮಾಡಿಕೊಂಡು ಬಹಳಷ್ಟು ಕಡಿತ ಪಡೆಯುತ್ತವೆ. ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್ ತನ್ನ ದರವನ್ನು ತಾನೇ ನಿಗದಿ ಮಾಡುತ್ತದೆ. ಪಟ್ಟಿಯ ಪೂರ್ತಿ ದರ ಮೊದಲಿಗೆ ಬೀಳುವುದು ಚೌಕಾಶಿ ಮಾಡುವ ಬಲವಿಲ್ಲದವನ, ಅಂದರೆ ವಿಮೆಯಿಲ್ಲದವನ ಮೇಲೆ. ಆದುದರಿಂದ ಮೊದಲ ಬಿಲ್ಲು ಬೆಲೆಯಲ್ಲ, ಬೇಡಿಕೆ. ಆಸ್ಪತ್ರೆಗಳು ತಮ್ಮ ದರಗಳನ್ನು ಬಹಿರಂಗಪಡಿಸಬೇಕೆಂಬ ಕೇಂದ್ರ ನಿಯಮ 2021ರ ಜನವರಿಯಿಂದ ಜಾರಿಯಲ್ಲಿದೆ. ಅದೇ ಚಿಕಿತ್ಸೆಗೆ ವಿಮಾ ಕಂಪನಿ ಎಷ್ಟು ಕೊಡುತ್ತದೆಂಬುದನ್ನು ಹುಡುಕಿ ನೋಡುವುದು ಈಗ ಸಾಧ್ಯ.

ವಿಮೆಯಿಲ್ಲದಿರುವುದು ವ್ಯಕ್ತಿಯ ಉಡಾಫೆಯೆಂಬ ಭಾವನೆ ಸಾಮಾನ್ಯ. ಇತಿಹಾಸ ಬೇರೆಯದನ್ನು ಹೇಳುತ್ತದೆ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಅಮೆರಿಕ ಸರ್ಕಾರ ವೇತನ ಏರಿಕೆಗೆ ಕಡಿವಾಣ ಹಾಕಿತು. ಸಂಬಳ ಹೆಚ್ಚಿಸಲಾಗದ ಮಾಲೀಕರು ಕೆಲಸಗಾರರನ್ನು ಸೆಳೆಯಲು ವಿಮೆಯನ್ನು ಮುಂದೊಡ್ಡಿದರು. 1954ರ ತೆರಿಗೆ ಸಂಹಿತೆ ಮಾಲೀಕರು ಕೊಡುವ ವಿಮೆಗೆ ತೆರಿಗೆ ವಿನಾಯಿತಿಯನ್ನು ಖಚಿತಪಡಿಸಿತು. ಎಲ್ಲರಿಗೂ ರಾಷ್ಟ್ರೀಯ ವಿಮೆ ಬೇಕೆಂದು ಅಧ್ಯಕ್ಷ ಟ್ರೂಮನ್ 1945ರಲ್ಲಿ ಕೇಳಿದ್ದು ಸೋತಿತು. 1965ರಲ್ಲಿ ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ದಕ್ಕಿದವು. ಹೀಗೆ ಉಳಿದವರ ಆರೋಗ್ಯ ನೌಕರಿಯ ಬಾಲಕ್ಕೆ ಕಟ್ಟಲ್ಪಟ್ಟಿತು. ನೌಕರಿ ಹೋದರೆ ವಿಮೆಯೂ ಹೋಗುತ್ತದೆ. 2010ರ ಸುಧಾರಣಾ ಕಾಯಿದೆಯ ಅನಂತರವೂ, 2023ರಲ್ಲಿ ಸುಮಾರು 2.6 ಕೋಟಿ ಜನ, ಎಂದರೆ ನೂರಕ್ಕೆ ಎಂಟು ಮಂದಿ, ವಿಮೆಯಿಲ್ಲದೆ ಇದ್ದರು.

1986ರಲ್ಲಿ ಒಂದು ಮಾನವೀಯ ಕಾಯಿದೆ ಬಂತು. ಅದರ ಪ್ರಕಾರ ಮೆಡಿಕೇರ್ ಹಣ ಪಡೆಯುವ ಯಾವ ಆಸ್ಪತ್ರೆಯ ತುರ್ತು ವಿಭಾಗವೂ ಹಣವಿಲ್ಲವೆಂದು ರೋಗಿಯನ್ನು ಹೊರಗಟ್ಟುವಂತಿಲ್ಲ. ಪರೀಕ್ಷಿಸಬೇಕು, ಸ್ಥಿತಿಯನ್ನು ಸ್ಥಿರಗೊಳಿಸಬೇಕು. ಆದರೆ ಆ ಚಿಕಿತ್ಸೆಯ ಖರ್ಚನ್ನು ಯಾರು ಹೊರಬೇಕೆಂಬ ಪ್ರಶ್ನೆಯನ್ನು ಕಾಯಿದೆ ಮುಟ್ಟಲಿಲ್ಲ. ಬಾಗಿಲು ತೆರೆದಿರುತ್ತದೆ, ಬಿಲ್ಲು ಹಿಂಬಾಲಿಸುತ್ತದೆ. ಪೀಟರ್ಸನ್ ಕೇಂದ್ರ ಮತ್ತು ಕೆಎಫ್‌ಎಫ್ ಸಂಸ್ಥೆಗಳು 2021ರ ಅಂಕಿಅಂಶಗಳಿಂದ ಮಾಡಿದ ಅಂದಾಜಿನಂತೆ ಅಮೆರಿಕನ್ನರ ವೈದ್ಯಕೀಯ ಸಾಲ ಕನಿಷ್ಠ 22,000 ಕೋಟಿ ಡಾಲರ್. ಸುಮಾರು 30 ಲಕ್ಷ ಜನ ತಲಾ 10,000 ಡಾಲರಿಗೂ ಹೆಚ್ಚು ಸಾಲ ಹೊತ್ತಿದ್ದಾರೆ. ಇಷ್ಟು ಜನರಿಗೆ ಏಕಕಾಲದಲ್ಲಿ ಬಂದೊದಗಿದ್ದನ್ನು ಒಬ್ಬೊಬ್ಬರ ನಡತೆಯ ದೋಷವೆನ್ನಲಾಗದು.

ಹಾಗಾದರೆ ಲಕೋಟೆ ಕೈಗೆ ಬಂದವರು ಮಾಡಬೇಕಾದುದೇನು?

ಮೊದಲ ಪ್ರಶ್ನೆ: ಈ ಬಿಲ್ಲು ಗಾಯಗೊಂಡವನದೇ? ಕೆಲಸದ ಸ್ಥಳದಲ್ಲಿ ಆದ ಗಾಯಕ್ಕೆ ಸಾಮಾನ್ಯವಾಗಿ ಮಾಲೀಕನ ಕಾರ್ಮಿಕ ಪರಿಹಾರ ವಿಮೆ ಹೊಣೆ. ಕಾರು ಅಪಘಾತವಾದರೆ ವಾಹನ ವಿಮೆಯಲ್ಲಿ ವೈದ್ಯಕೀಯ ಭಾಗವಿರಬಹುದು. ಬೇರೆಯವರ ಮನೆಯಲ್ಲೋ ಅಂಗಡಿಯಲ್ಲೋ ಬಿದ್ದರೆ ಆ ಸ್ಥಳದ ವಿಮೆ ಇರಬಹುದು. ಕೆಲಸ ಕಳೆದುಕೊಂಡವರು ಮರೆಯಬಾರದ ಇನ್ನೊಂದು ದಾರಿ ಕೋಬ್ರಾ. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯ ವಿಮೆಯನ್ನು ತಾವೇ ಹಣ ಕಟ್ಟಿ ಮುಂದುವರಿಸಲು ಕನಿಷ್ಠ 60 ದಿನಗಳ ಆಯ್ಕೆಯ ಅವಧಿಯಿರುತ್ತದೆ, ಮತ್ತು ಆಯ್ಕೆ ಮಾಡಿದರೆ ವಿಮೆ ತಪ್ಪಿದ ದಿನದಿಂದಲೇ ಅನ್ವಯವಾಗುತ್ತದೆ. ಅಂದರೆ ಆ ಅವಧಿಯೊಳಗೆ ಕಾಲು ಮುರಿದವರು ಮುರಿದ ಮೇಲೂ ಅದನ್ನು ಆಯ್ದುಕೊಳ್ಳಬಹುದು. ಹಿಂದಿನ ತಿಂಗಳುಗಳ ಕಂತನ್ನು ಕಟ್ಟಬೇಕು, ಅಷ್ಟೆ. ಆದಾಯ ಕಡಿಮೆಯಿರುವ ಅರ್ಹರಿಗೆ ಮೆಡಿಕೇಡ್ ಹಲವು ರಾಜ್ಯಗಳಲ್ಲಿ ಅರ್ಜಿಗೆ ಹಿಂದಿನ ಮೂರು ತಿಂಗಳ ಚಿಕಿತ್ಸೆಗೂ ಅನ್ವಯಿಸುತ್ತದೆ. 2025ರ ಕಾಯಿದೆ ಈ ಅವಧಿಯನ್ನು 2027ರಿಂದ ಮೊಟಕುಗೊಳಿಸಲಿದೆ. ಆದುದರಿಂದ ಅರ್ಜಿಯಲ್ಲಿ ವಿಳಂಬ ಸಲ್ಲದು.

ಎರಡನೆಯದು, ವಿವರವಾದ ಪಟ್ಟಿ. ಮೊದಲು ಬರುವ ಬಿಲ್ಲಿನಲ್ಲಿ ಸಾಮಾನ್ಯವಾಗಿ ಒಟ್ಟು ಮೊತ್ತವಷ್ಟೇ ಇರುತ್ತದೆ. ಪ್ರತಿ ಸೇವೆಯ ಸಂಕೇತ, ದಿನಾಂಕ, ದರ ಇರುವ ಪಟ್ಟಿಯನ್ನು ಬರೆದು ಕೇಳಬೇಕು. ಒಂದೇ ಪರೀಕ್ಷೆ ಎರಡು ಬಾರಿ ನಮೂದಾಗಿರುವುದು, ಕೊಡದ ಔಷಧಿಗೆ ದರ ಹಾಕಿರುವುದು ಇಲ್ಲಿಯೇ ಬೆಳಕಿಗೆ ಬರುತ್ತದೆ. ಚಿಕಿತ್ಸೆಯ ದಾಖಲೆಗಳ ಪ್ರತಿ ಪಡೆಯುವುದು ರೋಗಿಯ ಹಕ್ಕು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಮುಂಚಿತವಾಗಿ ನಿಗದಿಯಾದ ಶಸ್ತ್ರಚಿಕಿತ್ಸೆಯಾದರೆ 2022ರಿಂದ ಜಾರಿಯಲ್ಲಿರುವ ಕಾಯಿದೆಯಂತೆ ವಿಮೆಯಿಲ್ಲದವರಿಗೆ ಲಿಖಿತ ಅಂದಾಜು ಕೊಡಲೇಬೇಕು. ಅಂತಿಮ ಬಿಲ್ಲು ಆ ಅಂದಾಜಿಗಿಂತ 400 ಡಾಲರ್ ಅಥವಾ ಹೆಚ್ಚಾದರೆ 120 ದಿನಗಳೊಳಗೆ ತಕರಾರು ಹೂಡಬಹುದು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಧರ್ಮಾರ್ಥ ನೆರವು. ಅಮೆರಿಕದ ಬಹಳಷ್ಟು ಆಸ್ಪತ್ರೆಗಳು ಲಾಭರಹಿತ ಸಂಸ್ಥೆಗಳು. ಅವುಗಳಿಗೆ ತೆರಿಗೆ ವಿನಾಯಿತಿಯುಂಟು. ಆ ವಿನಾಯಿತಿಗೆ ಪ್ರತಿಯಾಗಿ 2010ರ ಕಾಯಿದೆ ಅವುಗಳ ಮೇಲೆ ಕೆಲವು ಹೊಣೆಗಳನ್ನು ಹೊರಿಸಿತು. ಪ್ರತಿ ಆಸ್ಪತ್ರೆಯೂ ಲಿಖಿತ ನೆರವು ನೀತಿಯನ್ನು ಹೊಂದಿರಬೇಕು, ಅದನ್ನು ಪ್ರಚುರಪಡಿಸಬೇಕು. ಅರ್ಹರಾದವರಿಂದ ವಿಮೆಯುಳ್ಳವರಿಗೆ ಸಾಮಾನ್ಯವಾಗಿ ಬೀಳುವ ದರಕ್ಕಿಂತ ಹೆಚ್ಚು ವಸೂಲು ಮಾಡಬಾರದು. ಮೊದಲ ಬಿಲ್ಲಿನಿಂದ 120 ದಿನ ಕಳೆಯುವ ಮುನ್ನ ಮೊಕದ್ದಮೆ ಹೂಡುವಂಥ ಕಠಿಣ ಕ್ರಮ ಕೈಗೊಳ್ಳಬಾರದು. ಅರ್ಜಿಯನ್ನು 240 ದಿನಗಳವರೆಗೆ ಸ್ವೀಕರಿಸಬೇಕು. ನೆರವಿಗೆ ಅರ್ಹರಾದ ಅನೇಕರಿಗೆ ಇಂಥದೊಂದು ಅರ್ಜಿಯಿದೆಯೆಂಬುದೇ ತಿಳಿಯುವುದಿಲ್ಲ. ಅದನ್ನು ಕೇಳುವುದು ಭಿಕ್ಷೆಯಲ್ಲ. ಸಮಾಜ ಬಿಟ್ಟುಕೊಟ್ಟ ತೆರಿಗೆಗೆ ಪ್ರತಿಯಾಗಿ ಆಸ್ಪತ್ರೆ ಸಲ್ಲಿಸಬೇಕಾದ ಬಾಕಿ ಅದು. ಇಲ್ಲಿ ಋಣ ಎಂಬ ಮಾತನ್ನು ಬಳಸಲೇಬೇಕಿದ್ದರೆ, ಋಣಿ ಯಾರೆಂಬುದನ್ನು ಮತ್ತೊಮ್ಮೆ ಯೋಚಿಸಬೇಕಾಗುತ್ತದೆ.

ನೆರವು ಸಿಗದಿದ್ದರೆ ಚೌಕಾಶಿ, ಬಡ್ಡಿಯಿಲ್ಲದ ಕಂತು. ಒಪ್ಪಂದವೆಲ್ಲವೂ ಬರಹದಲ್ಲಿರಲಿ. ಆಸ್ಪತ್ರೆಯ ಮುಂಗಟ್ಟೆಯಲ್ಲೇ ಕೊಡಮಾಡುವ ವೈದ್ಯಕೀಯ ಕ್ರೆಡಿಟ್ ಕಾರ್ಡಿಗೆ ಅವಸರದಲ್ಲಿ ಸಹಿ ಹಾಕಬಾರದು. ಮೊದಲ ತಿಂಗಳುಗಳಲ್ಲಿ ಇಲ್ಲದ ಬಡ್ಡಿ ಗಡುವು ಮೀರಿದೊಡನೆ ಹಿಂದಿನಿಂದಲೂ ಲೆಕ್ಕವಾಗಿ ಬರುವುದುಂಟು. ಬಿಲ್ಲು ವಸೂಲಿ ಸಂಸ್ಥೆಯ ಕೈಗೆ ಹೋದರೂ ಎಲ್ಲವೂ ಮುಗಿಯಲಿಲ್ಲ. 1977ರ ಕಾಯಿದೆಯಂತೆ ಅವರ ನೋಟಿಸು ತಲುಪಿದ 30 ದಿನಗಳೊಳಗೆ ಲಿಖಿತವಾಗಿ ಪ್ರಶ್ನಿಸಿದರೆ, ಸಾಲವನ್ನು ದೃಢಪಡಿಸುವವರೆಗೆ ಅವರು ವಸೂಲಿ ನಿಲ್ಲಿಸಬೇಕು. ಬಹಳ ಹಳೆಯ ಸಾಲಕ್ಕೆ ಸುಮ್ಮನೆ ಐವತ್ತು ಡಾಲರ್ ಕಟ್ಟುವುದೂ ಅಪಾಯ: ಅನೇಕ ರಾಜ್ಯಗಳಲ್ಲಿ ಅದರಿಂದ ಮುಗಿದುಹೋದ ಕಾಲಮಿತಿ ಮತ್ತೆ ಆರಂಭವಾಗಬಹುದು.

ಇಷ್ಟು ಎಲ್ಲರಿಗೂ ಅನ್ವಯಿಸುವ ಮಾತು. ಕನ್ನಡ ಕುಟುಂಬಗಳಿಗೆ ವಿಶೇಷವಾಗಿ ಎದುರಾಗುವ ಸಂದರ್ಭವೆಂದರೆ ಊರಿಂದ ಬಂದ ತಂದೆತಾಯಿ. ಸಂದರ್ಶಕರ ವಿಮೆಗಳಲ್ಲಿ ಹಲವು ಪ್ರತಿ ಸೇವೆಗೆ ಇಂತಿಷ್ಟೇ ಎಂದು ನಿಗದಿತ ಮೊತ್ತ ಕೊಡುವಂಥವು; ಸೊಂಟದ ಮೂಳೆ ಮುರಿದಾಗ ಆ ಮೊತ್ತ ಮೂಲೆಗೂ ಸಾಲದು. ಗ್ರೀನ್ ಕಾರ್ಡ್ ಪಡೆದು ಬಂದ ಹಿರಿಯರೂ, ಇಲ್ಲಿ ದುಡಿದ ದಾಖಲೆಯಿಲ್ಲದಿದ್ದರೆ, ಸಾಮಾನ್ಯವಾಗಿ ಐದು ವರ್ಷ ಕಾದ ಮೇಲೆಯೇ ಹಣ ಕಟ್ಟಿ ಮೆಡಿಕೇರ್ ಸೇರಬಹುದು. ತುರ್ತು ವಿಭಾಗದಲ್ಲಿ ಕಂಗಾಲಾಗಿ ನಿಂತ ಮಗನ ಮುಂದೆ ಕಾಗದಗಳು ಬರುತ್ತವೆ. ಅವುಗಳಲ್ಲೊಂದು ಖರ್ಚಿಗೆ ತಾನೇ ಜಾಮೀನು ಎಂಬ ಒಪ್ಪಿಗೆಯಾಗಿರಬಹುದು. ಜಾಮೀನು ಕೊಡದೆ ಇದ್ದರೆ ತಾಯಿಯ ಬಿಲ್ಲಿಗೆ ಬೆಳೆದ ಮಗ ಸಾಮಾನ್ಯವಾಗಿ ಹೊಣೆಯಲ್ಲ. ಕೆಲವು ರಾಜ್ಯಗಳ ಕಾನೂನು ಭಿನ್ನ. ಓದಿ ಸಹಿ ಹಾಕುವುದರಿಂದ ಮಾತೃಭಕ್ತಿಗೆ ಕುಂದಿಲ್ಲ; ಚಿಕಿತ್ಸೆ ನಿಲ್ಲುವುದೂ ಇಲ್ಲ. ಆಸ್ಪತ್ರೆಯ ನೆರವು ಕೆಲವೆಡೆ ಸ್ಥಳೀಯ ನಿವಾಸಿಗಳಿಗೆ ಮಾತ್ರ, ಕೆಲವೆಡೆ ಎಲ್ಲರಿಗೂ; ನೀತಿಯನ್ನು ಓದದೆ ತಿಳಿಯದು. ವೀಸಾ ಸ್ಥಿತಿಗೆ ಧಕ್ಕೆಯಾದೀತೆಂಬ ಭಯವೂ ಸಹಜ. ಸರ್ಕಾರಿ ನೆರವಿಗೆ ಅರ್ಜಿ ಹಾಕುವ ಮುನ್ನ ವಲಸೆ ವಕೀಲರನ್ನು ಕೇಳುವುದು ಒಳಿತು. ಆದರೆ ಆಸ್ಪತ್ರೆಯೇ ತನ್ನ ಲೆಕ್ಕದಲ್ಲಿ ಬಿಟ್ಟುಕೊಡುವ ಮೊತ್ತ ಸರ್ಕಾರಿ ಭತ್ಯೆಯಲ್ಲ.

ಸಾಲದ ಇನ್ನೊಂದು ಮುಖವನ್ನೂ ಕಾಣಬೇಕು. ವಸೂಲಾಗದ ಬಿಲ್ಲುಗಳನ್ನು ಸಂಸ್ಥೆಗಳು ಡಾಲರಿಗೆ ಕೆಲವೇ ಸೆಂಟುಗಳಿಗೆ ಮಾರುತ್ತವೆ. ಈ ಗುಟ್ಟನ್ನು ಬಳಸಿಕೊಂಡು 2012ರಲ್ಲಿ ಆಕ್ಯುಪೈ ಚಳುವಳಿಯವರು ಬಡವರ ಸಾಲವನ್ನು ಕೊಂಡು ಮನ್ನಾ ಮಾಡಿದರು; 2014ರಲ್ಲಿ ಇಬ್ಬರು ಮಾಜಿ ವಸೂಲಿ ಅಧಿಕಾರಿಗಳು ಅದಕ್ಕೆಂದೇ ಸಂಸ್ಥೆ ಕಟ್ಟಿದರು. ಆದರೆ 2024ರಲ್ಲಿ ಹೊರಬಂದ ಅಧ್ಯಯನವೊಂದು ಸುಮಾರು 83,000 ಜನರ ಸುಮಾರು 17 ಕೋಟಿ ಡಾಲರ್ ಸಾಲ ಮನ್ನಾ ಆದದ್ದನ್ನು ಪರಿಶೀಲಿಸಿ, ಅವರ ಆರ್ಥಿಕ ಸ್ಥಿತಿಯಲ್ಲಾಗಲಿ ಮಾನಸಿಕ ಆರೋಗ್ಯದಲ್ಲಾಗಲಿ ಸರಾಸರಿಯಲ್ಲಿ ಸುಧಾರಣೆ ಕಾಣಲಿಲ್ಲವೆಂದಿತು. ವರ್ಷಗಳ ಕಾಲ ಹಿಂಡಿದ ಮೇಲೆ ಬರುವ ಮನ್ನಾ ತಡವಾದ ಮದ್ದು. ನೆರವು ಗಾಯದ ಬಳಿಯೇ, ಮೊದಲ ಲಕೋಟೆಯ ಹೊತ್ತಿಗೇ ಬರಬೇಕು.

ಅದು ಅಸಾಧ್ಯವಲ್ಲವೆಂಬುದಕ್ಕೆ ನಿದರ್ಶನಗಳಿವೆ. ಬಾಲ್ಯದಲ್ಲಿ ಟಾಮಿ ಡಗ್ಲಸ್ ಎಂಬ ಬಡ ವಲಸಿಗ ಹುಡುಗನ ಕಾಲಿಗಾದ ಗಾಯ ಮೂಳೆಯ ಸೋಂಕಾಗಿ ಕಾಲನ್ನೇ ಕತ್ತರಿಸುವ ಹಂತ ತಲುಪಿತ್ತು. ವಿದ್ಯಾರ್ಥಿಗಳು ನೋಡಿ ಕಲಿಯಲೆಂಬ ಷರತ್ತಿನ ಮೇಲೆ ಶಸ್ತ್ರವೈದ್ಯರೊಬ್ಬರು ಉಚಿತವಾಗಿ ಕಾಲು ಉಳಿಸಿದರು. ಮಗುವಿನ ಕಾಲು ವೈದ್ಯನ ಕೃಪೆಯನ್ನು ಅವಲಂಬಿಸಬಾರದೆಂಬ ಪಾಠ ಅವರಲ್ಲಿ ಉಳಿಯಿತು. ಮುಂದೆ ಅವರು ಕೆನಡಾದ ಸಸ್ಕ್ಯಾಚವಾನ್ ಪ್ರಾಂತ್ಯದ ಮುಖ್ಯಸ್ಥರಾದರು. ಅವರು ರೂಪಿಸಿದ ಸಾರ್ವತ್ರಿಕ ವಿಮೆ, ವೈದ್ಯರ 23 ದಿನಗಳ ಮುಷ್ಕರವನ್ನು ಎದುರಿಸಿ, 1962ರಲ್ಲಿ ಜಾರಿಗೆ ಬಂತು. ಕರ್ನಾಟಕದಲ್ಲೂ 2016ರಲ್ಲಿ ನೆಲಮಂಗಲದ ಬಳಿ ಅಪಘಾತಕ್ಕೀಡಾಗಿ, ಸಾಯುವ ಹೊತ್ತಿನಲ್ಲಿ ಅಂಗದಾನ ಬಯಸಿದ ಹರೀಶ್ ಅವರ ಹೆಸರಿನಲ್ಲಿ ಸರ್ಕಾರ ಯೋಜನೆಯೊಂದನ್ನು ತಂದಿತು. ರಸ್ತೆ ಅಪಘಾತಕ್ಕೊಳಗಾದ ಯಾರಿಗೇ ಆಗಲಿ, ಅವರು ಯಾವ ಊರಿನವರೆಂದು ಕೇಳದೆ, ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ವೆಚ್ಚ ಭರಿಸುವ ಯೋಜನೆ ಅದಾಗಿತ್ತು. ಮೊತ್ತ ಚಿಕ್ಕದು, ಕೊರತೆಗಳೂ ಇದ್ದವು. ಆದರೆ ಗಾಯಾಳುವಿನ ಬಳಿ ಹಣವನ್ನು ಮೊದಲು ಕೇಳಬಾರದೆಂಬ ತತ್ತ್ವವನ್ನು ಅದು ಒಪ್ಪಿಕೊಂಡಿತ್ತು.

ಹೊರನಾಡಿನ ಕನ್ನಡ ಸಂಘಗಳು ಕಷ್ಟಕ್ಕೊಳಗಾದವರಿಗಾಗಿ ಚಂದಾ ಎತ್ತುವುದು ಮೆಚ್ಚುವಂಥದು. ಆದರೆ ಎತ್ತಿದ ಹಣ ನೇರವಾಗಿ ದರಪಟ್ಟಿಯ ಪೂರ್ತಿ ಮೊತ್ತ ತೀರಿಸಲು ಹೋದರೆ ಔದಾರ್ಯ ಪೋಲಾಗುತ್ತದೆ. ಪ್ರತಿ ಸಂಘದಲ್ಲೂ ಬಿಲ್ಲು ಓದಬಲ್ಲ, ಅರ್ಜಿ ತುಂಬಬಲ್ಲ, ಗಡುವುಗಳನ್ನು ನೆನಪಿಸಬಲ್ಲ ಇಬ್ಬರು ಮೂವರಿದ್ದರೆ, ಸುತ್ತಲಿನ ಆಸ್ಪತ್ರೆಗಳ ನೆರವು ನೀತಿಯ ಸಾರಾಂಶ ಕನ್ನಡದಲ್ಲಿ ಸಿಗುವಂತಿದ್ದರೆ, ಚಂದಾ ಎತ್ತುವ ಪ್ರಸಂಗಗಳೇ ಕಡಿಮೆಯಾದಾವು. ಅದಕ್ಕೆ ಮೊದಲು ಆಗಬೇಕಾದುದು ಒಂದೇ: ಬಿಲ್ಲು ಬಂದಿದೆ ಎಂದು ಬಾಯಿಬಿಟ್ಟು ಹೇಳಿಕೊಳ್ಳುವ ವಾತಾವರಣ. ಮುಚ್ಚಿಟ್ಟ ಲಕೋಟೆಗೆ ಯಾರೂ ನೆರವಾಗಲಾರರು. ಇಲ್ಲಿ ಹೇಳಿದ ಪ್ರತಿ ಹಕ್ಕೂ ಯಾರೋ ಲಜ್ಜೆ ಬಿಟ್ಟು ಜಗಳವಾಡಿದ್ದರಿಂದ ಕಾನೂನಿನ ಪುಟ ಸೇರಿದೆ. ಅದನ್ನು ಬಳಸುವುದು ಮತ್ತು ಹಿಗ್ಗಿಸುವುದು ಮುಂದಿನವರ ಕೆಲಸ.